ಹಾ ಲಾಂಗ್ ಹಡಗನ್ನು ಪ್ರವಾಸದ ಕೊನೆಯ ದಿನಕ್ಕೆ ಇಡಬೇಡಿ

ವಿಯೆಟ್ನಾಂಗೆ ಹೊರಟವರು ತಾವೇ ಜೋಡಿಸಿಕೊಂಡ ದಿನಚರಿಯನ್ನು ಬೆಳಗಾವಿಯ ನಮ್ಮ ಪ್ರವಾಸ ಕಚೇರಿಗೆ ತಂದಾಗ ನಾವು ಮೊದಲು ಓದುವುದು ಅದರ ಕೊನೆಯ ಸಾಲನ್ನು. ಬಹುಪಾಲು ಪಟ್ಟಿಗಳಲ್ಲಿ ಅಲ್ಲಿರುವುದು ಒಂದೇ: ಹಗಲು ಹಾ ಲಾಂಗ್ ಕೊಲ್ಲಿಯಲ್ಲಿ ಲಕ್ಸುರಿ ಡೇ ಕ್ರೂಸ್ (ಒಂದು ಹಗಲಿನ ಹಡಗು ವಿಹಾರ), ರಾತ್ರಿ ಹನೋಯ್‌ನಿಂದ ವಾಪಸ್ ವಿಮಾನ. ಕೇಳಿದರೆ ಲೆಕ್ಕವೂ ಸಿದ್ಧವಿರುತ್ತದೆ. “ಬೋಟ್ ಸಂಜಿ ಆರಕ್ಕ ದಂಡಿಗೆ ಬರ್ತೈತಂತ್ರೀ, ವಿಮಾನ ಹನ್ನೊಂದೂವರಿಗೆ. ನಡುವ ಐದೂವರಿ ತಾಸ ಸಿಗ್ತಾವಲ್ರೀ?”

ಆ ಐದೂವರೆ ತಾಸು ಎಲ್ಲಿ ಹೋಗುತ್ತದೆ ಎಂಬುದನ್ನು ಒಮ್ಮೆ ಬಿಡಿಸಿ ನೋಡಿ. ಹಾ ಲಾಂಗ್ ಇರುವುದು ಹನೋಯ್ ಊರಿನಲ್ಲಲ್ಲ, ಕ್ವಾಂಗ್ ನಿನ್ ಪ್ರಾಂತ್ಯದ ಕಡಲ ದಂಡೆಯಲ್ಲಿ. ನಡುವೆ 160 ಕಿ.ಮೀ. ಹತ್ತಿರ, ಬೆಳಗಾವಿಯಿಂದ ಬಾಗಲಕೋಟೆಗಿಂತ ತುಸು ಹೆಚ್ಚು. ಎಕ್ಸ್‌ಪ್ರೆಸ್ ಹೆದ್ದಾರಿ ಇರುವುದರಿಂದ ಎರಡೂವರೆ ತಾಸು ಸಾಕು. ಹಳೆಯ ರಸ್ತೆ ಹಿಡಿದರೆ ನಾಲ್ಕು ತಾಸು. ಬೆಳಿಗ್ಗೆ ಎಂಟರ ಸುಮಾರಿಗೆ ಹನೋಯ್ ಹಳೇ ಪೇಟೆಯ ಹೋಟೆಲುಗಳಿಂದ ವ್ಯಾನ್ ನಿಮ್ಮನ್ನು ಹತ್ತಿಸಿಕೊಳ್ಳುತ್ತದೆ. ದಾರಿಯಲ್ಲಿ ಒಂದು ಅಂಗಡಿ ಮಳಿಗೆಯ ಹತ್ತಿರ ಅರ್ಧ ತಾಸು ನಿಲ್ಲುತ್ತದೆ. ಬಂದರು ತಲುಪಿ ಹಡಗು ಹತ್ತುವಾಗ ಹನ್ನೆರಡು. ಊಟ, ಸುಂಗ್ ಸೋತ್ ಗುಹೆ, ಲುವೊನ್ ಗುಹೆಯಲ್ಲಿ ಬಿದಿರಿನ ದೋಣಿ ಅಥವಾ ಕಯಾಕ್, ತಿ ತೋಪ್ ದ್ವೀಪ, ಸೂರ್ಯಾಸ್ತದ ಹೊತ್ತಿಗೆ ಮೇಲಿನ ಡೆಕ್ಕಿನಲ್ಲಿ ಹಣ್ಣು-ಚಹಾ. ಆರಕ್ಕೆ ದಂಡೆ. ‘ಇಡೀ ದಿನದ ಪ್ರವಾಸ’ ಎನ್ನುವ ಹನ್ನೆರಡು ಹದಿಮೂರು ತಾಸಿನಲ್ಲಿ ನೀರಿನ ಮೇಲಿರುವುದು ಆರೇ ತಾಸು.

ಈಗ ಸಂಜೆಯ ಲೆಕ್ಕ. ಎಲ್ಲರೂ ಇಳಿದು ವ್ಯಾನ್ ಹೊರಡುವಾಗ ಆರೂವರೆ. ಹನೋಯ್ ಸೇರುವಾಗ ಒಂಬತ್ತು. ಗುಂಪಿನ ವ್ಯಾನ್ ನೇರವಾಗಿ ವಿಮಾನ ನಿಲ್ದಾಣಕ್ಕೆ ಹೋಗುವುದಿಲ್ಲ, ಒಂದೊಂದೇ ಹೋಟೆಲಿನ ಮುಂದೆ ಜನರನ್ನು ಇಳಿಸುತ್ತ ಬರುತ್ತದೆ. ನಿಮ್ಮ ಸೂಟ್‌ಕೇಸುಗಳು ಹೋಟೆಲಿನಲ್ಲಿವೆ. ಅವನ್ನು ತೆಗೆದುಕೊಂಡು ಟ್ಯಾಕ್ಸಿ ಹತ್ತುವಾಗ ಒಂಬತ್ತೂವರೆ. ನೋಯ್ ಬಾಯ್ ವಿಮಾನ ನಿಲ್ದಾಣ ಅಲ್ಲಿಂದ 30 ಕಿ.ಮೀ. ಹತ್ತಿರ, ಮುಕ್ಕಾಲು ತಾಸು. ಹತ್ತೂ ಕಾಲಿಗೆ ಒಳಗೆ ಕಾಲಿಟ್ಟಿರಿ. ಅಂತಾರಾಷ್ಟ್ರೀಯ ವಿಮಾನಗಳ ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ ಹೊರಡುವ ಒಂದು ತಾಸು ಮೊದಲೇ ಮುಚ್ಚುತ್ತದೆ, ಎಂದರೆ ಹತ್ತೂವರೆಗೆ. ಐದೂವರೆ ತಾಸಿನಲ್ಲಿ ಉಳಿದದ್ದು ಹದಿನೈದು ನಿಮಿಷ. ಅದೂ ದಾರಿಯಲ್ಲಿ ಏನೂ ಆಗದಿದ್ದರೆ. ಭಾನುವಾರ ಸಂಜೆ ಹನೋಯ್ ಕಡೆ ಮರಳುವ ವಾಹನಗಳ ಸಾಲನ್ನು ನೋಡಿದವರು ಈ ಹದಿನೈದು ನಿಮಿಷವನ್ನು ನಂಬುವುದಿಲ್ಲ.

“ಹಂಗಾರ ನಮಗಷ್ಟ ಬ್ಯಾರೆ ಕಾರ್ ಮಾಡ್ಕೋತೀವ್ರಿ, ಸೂಟ್‌ಕೇಸ್ ಅದರಾಗ ಇಡ್ತೀವಿ” ಎನ್ನುವವರಿದ್ದಾರೆ. ಮಾಡಬಹುದು, ಒಂದು ತಾಸು ಉಳಿಯುತ್ತದೆ. ಆದರೆ ನಾವು ಇಷ್ಟು ಹಠ ಹಿಡಿಯುವುದು ರಸ್ತೆಯ ಕಾರಣಕ್ಕೆ ಅಲ್ಲ.

ಹಾ ಲಾಂಗ್‌ನಲ್ಲಿ ಹಡಗು ಹೊರಡಬೇಕೋ ಬೇಡವೋ ಎಂಬುದನ್ನು ಹಡಗಿನ ಕಂಪನಿ ತೀರ್ಮಾನಿಸುವುದಿಲ್ಲ. ಟಿಕೆಟ್ ಮಾರಿದ ಏಜೆಂಟನೂ ಅಲ್ಲ, ನಿಮ್ಮ ಗೈಡೂ ಅಲ್ಲ. ಹವಾಮಾನ ಸೂಚನೆ ನೋಡಿ ಬಂದರಿನ ಅಧಿಕಾರಿಗಳು ಅನುಮತಿ ಕೊಡುತ್ತಾರೆ ಅಥವಾ ತಡೆಯುತ್ತಾರೆ. ಅನುಮತಿಯಿಲ್ಲದೆ ಒಂದು ಹಡಗೂ ಹಗ್ಗ ಬಿಚ್ಚುವಂತಿಲ್ಲ. ಈ ತೀರ್ಮಾನ ಹಿಂದಿನ ಸಂಜೆ ಬರಬಹುದು, ಅದೇ ಬೆಳಿಗ್ಗೆ ಬರಬಹುದು, ನೀವು ಹೆದ್ದಾರಿಯ ಅರ್ಧ ದಾರಿಯಲ್ಲಿರುವಾಗಲೂ ಬರಬಹುದು. ನೀರಿಗೆ ಇಳಿದ ಹಡಗನ್ನೂ ವಾಪಸ್ ಕರೆಸುತ್ತಾರೆ. ಚಿಕ್ಕೋಡಿ ತಾಲೂಕಿನ ಕಲ್ಲೋಳ-ಯಡೂರ ಸೇತುವೆಯ ಮೇಲೆ ಕೃಷ್ಣೆ ಹರಿಯತೊಡಗಿದಾಗ ಸಂಚಾರ ನಿಲ್ಲಿಸುತ್ತಾರೆ. ಆಗ ನಾವ್ಯಾರೂ ಬಸ್ಸಿನ ಡ್ರೈವರನ ಕೊರಳಪಟ್ಟಿ ಹಿಡಿಯುವುದಿಲ್ಲ. ಹಾ ಲಾಂಗ್ ಬಂದರಿನಲ್ಲಿ ಮಾತ್ರ ಗೈಡ್ ಹುಡುಗನ ಮೇಲೆ ಹರಿಹಾಯುವವರಿದ್ದಾರೆ: ಬಿಸಿಲು ಕಾಣ್ತಾ ಇದೆ, ಸಮುದ್ರ ಶಾಂತ ಇದೆ, ರೊಕ್ಕ ಕೊಟ್ಟಿದ್ದೇವೆ, ಬಿಡ್ರಿ ಎಂದು.

2025ರ ಜುಲೈ 19ರ ಮಧ್ಯಾಹ್ನವನ್ನು ಅಂಥವರಿಗೆ ನೆನಪಿಸಬೇಕಾಗುತ್ತದೆ. ಅದೇ ಕೊಲ್ಲಿಯಲ್ಲಿ ಏಕಾಏಕಿ ಎದ್ದ ಗುಡುಗು-ಗಾಳಿಗೆ ಒಂದು ಪ್ರವಾಸಿ ದೋಣಿ ಮಗುಚಿ ಮೂವತ್ತಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಮಕ್ಕಳೂ ಇದ್ದರು. ಅದಕ್ಕೂ ಮೊದಲು, 2024ರ ಸೆಪ್ಟೆಂಬರಿನ ಯಾಗಿ ಚಂಡಮಾರುತಕ್ಕೆ ಹಾ ಲಾಂಗ್‌ನಲ್ಲಿ ದಂಡೆಗೆ ಕಟ್ಟಿದ್ದ ಹಡಗುಗಳೇ ಮುಳುಗಿದವು. ಬಂದರು ಮುಚ್ಚಿದೆ ಎಂದರೆ ಆ ದಿನ ನಿಮ್ಮ ಮಕ್ಕಳು ನೆಲದ ಮೇಲಿದ್ದಾರೆ ಎಂದರ್ಥ. ಅದನ್ನು ಹಾಗೆಯೇ ತೆಗೆದುಕೊಳ್ಳಿ.

ಇನ್ನು ತಿಂಗಳುಗಳು. ಉತ್ತರ ವಿಯೆಟ್ನಾಂಗೆ ನಮ್ಮಂತೆ ಬೇಸಿಗೆ-ಮಳೆ-ಚಳಿಯ ಸರಳ ಹಂಚಿಕೆ ಇಲ್ಲ. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಚಂಡಮಾರುತದ ಕಾಲ, ಅದರ ಬಾಲ ಅಕ್ಟೋಬರಿಗೂ ಚಾಚಬಹುದು. ಹೀಗಾಗಿ ದಸರಾ ರಜೆಯಲ್ಲಿ ಹೋಗುವವರಿಗೆ ಎಚ್ಚರಿಕೆ ಬೇಕು. ದೀಪಾವಳಿಗೆ ಹೋಗುವವರ ಅದೃಷ್ಟ ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ಅಕ್ಟೋಬರ್ ಕೊನೆಯಿಂದ ಡಿಸೆಂಬರ್ ಮೊದಲ ವಾರದವರೆಗೆ ಆಕಾಶ ತಿಳಿ, ಬಿಸಿಲು ಹಿತ. ಜನವರಿಯಲ್ಲಿ ಸ್ವೆಟರ್ ಬೇಕು. ಫೆಬ್ರುವರಿ-ಮಾರ್ಚಿನಲ್ಲಿ ಜಿನುಗು ಮಳೆ, ಮಂಜು. ಮಂಜು ದಟ್ಟವಾದರೂ ಹಡಗು ನಿಲ್ಲುತ್ತದೆ ಎಂಬುದು ನಮ್ಮವರಿಗೆ ಹೊಳೆಯುವುದೇ ಇಲ್ಲ. ಮೇ ತಿಂಗಳಲ್ಲಿ ಸೆಕೆ, ಮಧ್ಯಾಹ್ನದ ಗುಡುಗು. ಜೊತೆಗೆ ಏಪ್ರಿಲ್ 30 ಮತ್ತು ಮೇ 1 ಅವರಿಗೆ ರಾಷ್ಟ್ರೀಯ ರಜೆ, ಆ ನಾಲ್ಕೈದು ದಿನ ಬಂದರಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಯಾವ ತಿಂಗಳಾದರೂ ನಾಳೆ ಹಡಗು ಹೋಗುತ್ತದೆ ಎಂದು ನಾವು ಬರೆದುಕೊಡುವುದಿಲ್ಲ. ಬರೆದುಕೊಡುವವರ ಹತ್ತಿರ ಟಿಕೆಟ್ ಮಾಡಿಸಬೇಡಿ.

ಹಾಗಾದರೆ ಏನು ಮಾಡಬೇಕು? ಹನೋಯ್‌ಗೆ ಇಳಿದ ಮರುದಿನವೇ ಹಾ ಲಾಂಗ್ ಇಡಿ. ಅದರ ಮರುದಿನ ನಿನ್ ಬಿನ್. ನಿನ್ ಬಿನ್ ಹನೋಯ್‌ನ ದಕ್ಷಿಣಕ್ಕೆ 90-100 ಕಿ.ಮೀ. ದೂರ. ಅಲ್ಲಿಯೂ ಇವೇ ಸುಣ್ಣಕಲ್ಲಿನ ಗುಡ್ಡಗಳು, ಆದರೆ ಸಮುದ್ರದ ಬದಲು ಹೊಳೆ, ಗದ್ದೆ. ಅಲ್ಲಿನ ಚಾಂಗ್ ಆನ್‌ನಲ್ಲಿ ಹೆಣ್ಣುಮಕ್ಕಳು ಹುಟ್ಟು ಹಾಕುವ ಸಣ್ಣ ದೋಣಿಗಳು ಗುಡ್ಡದ ಹೊಟ್ಟೆಯ ಗುಹೆಗಳನ್ನು ಹಾಯ್ದು ಹೋಗುತ್ತವೆ. ಹಾ ಲಾಂಗ್‌ನಂತೆ ಅದೂ 2014ರಿಂದ ವಿಶ್ವ ಪರಂಪರೆಯ ತಾಣ. ಸಮುದ್ರದಲ್ಲಿ ಗಾಳಿ ಅಥವಾ ಮಂಜು ಇದ್ದ ದಿನವೂ ನಿನ್ ಬಿನ್ ಬಹುತೇಕ ನಡೆಯುತ್ತದೆ. ಚಂಡಮಾರುತವೇ ಬಂದರೆ ಮಾತ್ರ ಎರಡೂ ಬಂದ್. ಎರಡಕ್ಕೂ ಒಂದೇ ಸಂಸ್ಥೆಯಲ್ಲಿ ಮುಂಗಡ ಕೊಟ್ಟು, ದಿನ ಅದಲು ಬದಲು ಮಾಡಬಹುದೇ ಎಂದು ಬರವಣಿಗೆಯಲ್ಲಿ ಕೇಳಿಕೊಳ್ಳಿ. ಬಂದರು ಮುಚ್ಚಿದರೆ ಅವತ್ತು ನಿನ್ ಬಿನ್‌ಗೆ ಹೋಗಿ, ಹಾ ಲಾಂಗ್ ಮರುದಿನಕ್ಕೆ ದಾಟಿಸಿ. ಮೂರನೆಯ ದಿನ ಹನೋಯ್ ಪೇಟೆ ಸುತ್ತಿ, ರಾತ್ರಿ ವಿಮಾನ ಹತ್ತಿ. ಇಷ್ಟಕ್ಕೆ ಒಂದು ರೂಪಾಯಿಯೂ ಹೆಚ್ಚು ಬೀಳುವುದಿಲ್ಲ, ಅವೇ ದಿನಗಳನ್ನು ಹಿಂದುಮುಂದು ಮಾಡಿದ್ದು ಅಷ್ಟೇ.

ವಾಪಸ್ ವಿಮಾನ ನಡುರಾತ್ರಿ ದಾಟಿ ಹೊರಡುವುದಿದ್ದರೆ ತಾರೀಖನ್ನು ಎರಡು ಸಲ ನೋಡಿ. 12ನೇ ತಾರೀಖು 00:30 ಎಂದಿದ್ದರೆ ನೀವು ನಿಲ್ದಾಣದಲ್ಲಿ ಇರಬೇಕಾದದ್ದು 11ರ ರಾತ್ರಿ. ಅಲ್ಲಿನ ಗಡಿಯಾರ ನಮಗಿಂತ ಒಂದೂವರೆ ತಾಸು ಮುಂದೆ.

ರೊಕ್ಕ ವಾಪಸಿನ ಮಾತೂ ಹಡಗು ಹತ್ತುವ ಮೊದಲೇ ಆಗಬೇಕು. ಹೊರಡುವ ಮೊದಲೇ ಬಂದರು ಮುಚ್ಚಿದರೆ ಸಾಮಾನ್ಯವಾಗಿ ಪೂರ್ತಿ ಹಣ ಅಥವಾ ಬೇರೆ ದಿನ ಕೊಡುತ್ತಾರೆ. ವ್ಯಾನ್ ದಾರಿಗೆ ಬಿದ್ದಿದ್ದರೆ ರಸ್ತೆಯ ಖರ್ಚು ಹಿಡಿದುಕೊಳ್ಳುವ ಸಂಸ್ಥೆಗಳಿವೆ. ಅರ್ಧದಲ್ಲಿ ಹಡಗು ಮರಳಿದರೆ ಎಷ್ಟು ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ. ಪ್ರವಾಸ ವಿಮೆಯನ್ನು ನೆಚ್ಚಿಕೊಳ್ಳುವ ಮೊದಲು ಪಾಲಿಸಿಯ ಸಣ್ಣಕ್ಷರ ಓದಿ. ದಿನಚರಿಯನ್ನು ನೀವೇ ಬಿಗಿಯಾಗಿ ಹೆಣೆದು ವಿಮಾನ ತಪ್ಪಿಸಿಕೊಂಡರೆ ಪರಿಹಾರ ಸಿಗುವುದು ಕಷ್ಟ.

‘ಫೈವ್ ಸ್ಟಾರ್’, ‘ಸಿಕ್ಸ್ ಸ್ಟಾರ್’ ಎಂಬ ಮಾತಿಗೆ ಹೆಚ್ಚು ತೂಕ ಕೊಡಬೇಡಿ, ಡೇ ಕ್ರೂಸ್‌ಗಳಲ್ಲಿ ಅದು ಹೆಚ್ಚಾಗಿ ಜಾಹೀರಾತಿನ ಭಾಷೆ. ಕೇಳಬೇಕಾದದ್ದು ಬೇರೆ: ಹಡಗಿನಲ್ಲಿ ಎಷ್ಟು ಜನ? ಎಷ್ಟು ಗಂಟೆಗೆ ಹತ್ತಿಸಿ ಎಷ್ಟಕ್ಕೆ ಇಳಿಸುತ್ತಾರೆ? ತುವಾನ್ ಚೌ ಬಂದರೋ, ಬಾಯ್ ಚಾಯ್ ಕಡೆಯ ಬಂದರೋ? ಹಾ ಲಾಂಗೋ, ಕಾತ್ ಬಾ ದ್ವೀಪದ ಕಡೆಯ ಲಾನ್ ಹಾ ಕೊಲ್ಲಿಯೋ? ವ್ಯಾನ್ ಒಂಬತ್ತು ಸೀಟಿನದೋ, ನಲವತ್ತೈದರ ಬಸ್ಸೋ? ಗುಹೆಯ ಟಿಕೆಟ್, ಕಯಾಕ್ ಇದರಲ್ಲೇ ಸೇರಿವೆಯೋ? ನೂರು ನೂರೈವತ್ತು ಜನರ ಹಡಗಿನಲ್ಲಿ ಜಕೂಝಿ, ಜಾರುಬಂಡೆ ಇರಬಹುದು. ಆದರೆ ಊಟದ ಸಾಲು, ಗುಹೆಯ ಬಾಗಿಲಿನ ಸಾಲು ಎರಡೂ ಉದ್ದ. ನಮ್ಮ ಅಭಿಪ್ರಾಯದಲ್ಲಿ ವಯಸ್ಸಾದವರಿದ್ದರೆ ಐವತ್ತರೊಳಗಿನ ಹಡಗೇ ಲೇಸು.

ಕೊಲ್ಲಿಯ ಅಂದದ ಬಗ್ಗೆ ಎರಡು ಮಾತು ಬೇಕು, ಯಾಕೆಂದರೆ ನಮ್ಮ ಬೆಳಗಾವಿ-ಬಾಗಲಕೋಟೆ ಕಡೆಯವರಿಗೆ ಆ ಕಲ್ಲು ಅಪರಿಚಿತವಲ್ಲ. ಲೋಕಾಪುರ, ಬಾಗಲಕೋಟೆ ಸುತ್ತ ಸಿಮೆಂಟಿಗೆಂದು ತೆಗೆಯುವ ಸುಣ್ಣಕಲ್ಲಿನ ಜಾತಿಯೇ ಅದು, ವಯಸ್ಸು ಮಾತ್ರ ನಮ್ಮದಕ್ಕಿಂತ ಬಹಳ ಕಡಿಮೆ. ಗಾಳಿಯ ಇಂಗಾಲಾಮ್ಲವನ್ನು ಹೀರಿಕೊಂಡ ಮಳೆನೀರು ಲಕ್ಷಾಂತರ ವರ್ಷ ಆ ಕಲ್ಲನ್ನು ಕರಗಿಸಿ ಗುಡ್ಡ, ಕಣಿವೆ, ಗುಹೆ ಮಾಡಿತು. ಹಿಮಯುಗ ಮುಗಿದು ಸಮುದ್ರ ಏರಿದಾಗ ಕಣಿವೆ ಮುಳುಗಿ ತುದಿಗಳು ಉಳಿದವು. ಆಲಮಟ್ಟಿ ಹಿನ್ನೀರು ಏರಿ ಬಾಗಲಕೋಟೆಯ ತಗ್ಗಿನ ಓಣಿಗಳು ಮುಳುಗಿ ಮೇಲಿನ ಊರು ಉಳಿದದ್ದನ್ನು ಕಂಡವರಿಗೆ ಇದನ್ನು ಚಿತ್ರ ಬರೆದು ತೋರಿಸಬೇಕಿಲ್ಲ. ಹೀಗೆ ಉಳಿದ ತುದಿಗಳು 1,900ಕ್ಕೂ ಹೆಚ್ಚು. 1994ರಲ್ಲಿ ಸೌಂದರ್ಯಕ್ಕೆ, 2000ದಲ್ಲಿ ಭೂರಚನೆಗೆ ಯುನೆಸ್ಕೋ ಮನ್ನಣೆ ಬಂತು, 2023ರಲ್ಲಿ ಕಾತ್ ಬಾ ದ್ವೀಪಗಳೂ ಸೇರಿದವು.

ಹಡಗು ದ್ವೀಪದ ಪಕ್ಕ ನಿಧಾನ ಸಾಗುವಾಗ ಬಂಡೆಯ ಬುಡ ನೋಡಿ. ನೀರಿನ ಮಟ್ಟದಲ್ಲಿ ಕಲ್ಲು ಒಳಕ್ಕೆ ಸವೆದು, ಮೇಲಿನ ಗುಡ್ಡ ಕೊಡೆಯಂತೆ ಹೊರಚಾಚಿರುತ್ತದೆ. ಆ ಕೊಲ್ಲಿಯಲ್ಲಿ ಸಾಮಾನ್ಯವಾಗಿ ದಿನಕ್ಕೆ ಒಂದೇ ಭರತ, ಒಂದೇ ಇಳಿತ. ಅಂತರ ಮೂರು ಮೀಟರ್ ದಾಟುವ ದಿನಗಳಿವೆ. ಇಳಿತದಲ್ಲಿ ಆ ಸವೆದ ಪಟ್ಟಿ ಪೂರ್ತಿ ಬಯಲಾಗುತ್ತದೆ, ಅದಕ್ಕೆ ಅಂಟಿದ ಸಿಂಪಿಗಳು ಎಣಿಸುವಷ್ಟು ಹತ್ತಿರ ಕಾಣುತ್ತವೆ. ಭರತದಲ್ಲಿ ಲುವೊನ್ ಗುಹೆಯ ಕಮಾನು ತಗ್ಗಾಗಿ, ದೋಣಿಯಲ್ಲಿ ಕೂತವರು ತಲೆ ಬಗ್ಗಿಸಬೇಕಾಗುತ್ತದೆ. ಆ ದೋಣಿಯಲ್ಲಿ ಲೈಫ್ ಜಾಕೆಟ್ಟಿನ ಬಕಲು ಹಾಕಿಯೇ ಕೂರಿ. ಫೋಟೋ ಚೆನ್ನಾಗಿ ಬರಲೆಂದು ಬಿಚ್ಚಬೇಡಿ.

ಮೆಟ್ಟಿಲುಗಳ ಬಗ್ಗೆ ಯಾರೂ ಮೊದಲೇ ಹೇಳುವುದಿಲ್ಲ. ತಿ ತೋಪ್ ಎಂದರೆ ಸೋವಿಯತ್ ಗಗನಯಾತ್ರಿ ಗೆರ್ಮನ್ ಟಿಟೋವ್. 1962ರಲ್ಲಿ ಹೋ ಚಿ ಮಿನ್ ಜೊತೆ ಬಂದಿದ್ದರೆಂದು ದ್ವೀಪಕ್ಕೆ ಆ ಹೆಸರು. ಅದರ ತುದಿಗೆ ನಾನೂರಕ್ಕೂ ಹೆಚ್ಚು ಕಡಿದಾದ ಮೆಟ್ಟಿಲು. ಸುಂಗ್ ಸೋತ್ ಗುಹೆಗೂ ಹತ್ತಿ ಇಳಿಯಬೇಕು, ಒಳಗೆ ಕಲ್ಲು ಒದ್ದೆ. ನಿಮ್ಮ ತಂದೆ-ತಾಯಿ ವಿಜಯಪುರದ ಗೋಳಗುಮ್ಮಟದ ಪಿಸುಮಾತಿನ ಮೊಗಸಾಲೆಗೆ ಎಲ್ಲಿಯೂ ಕೂರದೆ ಹತ್ತಬಲ್ಲರೇ? ಹಾಗಿದ್ದರೆ ಗುಹೆ ಸರಿ. ಇಲ್ಲದಿದ್ದರೆ ಅವರನ್ನು ಹಡಗಿನ ಡೆಕ್ಕಿನಲ್ಲೇ ಕೂರಿಸಿ. ಹಡಗು ದ್ವೀಪಗಳ ನಡುವೆಯೇ ಸುತ್ತುವುದರಿಂದ ಅವರಿಗೂ ಕೊಲ್ಲಿ ಚೆನ್ನಾಗಿ ಕಾಣುತ್ತದೆ.

ಊಟದ ಮಾತು. ಶಾಕಾಹಾರಕ್ಕೆ ಅವರ ಪದ ‘ಆನ್ ಚಾಯ್’. ಇಲ್ಲಿನ ‘ಚಾಯ್’ ಎಂದರೆ ಚಹಾ ಅಲ್ಲ, ಚಹಾ ಬೇಕಾದರೆ ‘ಚಾ’ ಎನ್ನಿ. ಬರೀ ‘ವೆಜ್’ ಎಂದರೆ ತರಕಾರಿಯ ಮೇಲೆ ಮೀನಿನ ಸಾರದ ಸಾಸ್ ಬೀಳಬಹುದು. ಎರಡು ದಿನ ಮೊದಲೇ ಬರವಣಿಗೆಯಲ್ಲಿ ತಿಳಿಸಿ. ಮೀನಿನ ಸಾಸ್ ಬೇಡ, ಮೊಟ್ಟೆ ಬೇಡ ಎಂದು ಬಿಡಿಬಿಡಿಯಾಗಿ ಬರೆಯಿರಿ. ಖಟಕ ರೊಟ್ಟಿ, ಶೇಂಗಾ ಹಿಂಡಿ ಒಯ್ಯುವವರು ಸ್ಟೀಲ್ ಡಬ್ಬಿಯಲ್ಲಿ ಒಯ್ಯಿರಿ. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕಿಗೆ ಆ ಕೊಲ್ಲಿಯಲ್ಲಿ 2019ರಿಂದ ನಿಷೇಧವಿದೆ. ಹೊರಗಿನ ತಿನಿಸು ಬಿಡುತ್ತಾರೋ ಇಲ್ಲವೋ ಹಡಗಿನವರನ್ನೇ ಕೇಳಿ. ಪಾಸ್‌ಪೋರ್ಟ್ ಕೈಚೀಲದಲ್ಲಿರಲಿ, ಪ್ರಯಾಣಿಕರ ಪಟ್ಟಿ ಬಂದರಿಗೆ ಹೋಗಬೇಕು.

ಹಿಂದಿನ ರಾತ್ರಿ ಎಂಟಕ್ಕೆ ನಿಮ್ಮ ಸಂಸ್ಥೆಗೆ ವಾಟ್ಸಾಪ್ ಮಾಡಿ: ನಾಳೆ ಬಂದರು ತೆರೆದಿದೆಯೇ? ಬೆಳಿಗ್ಗೆ ಆರೂವರೆಗೆ ಮತ್ತೊಮ್ಮೆ ಕೇಳಿ. ಮುಚ್ಚಿದೆ ಎಂದು ಉತ್ತರ ಬಂದರೆ ವಾದಕ್ಕೆ ಇಳಿಯದೆ ಅದೇ ಸಂದೇಶದ ಕೆಳಗೆ ಒಂದು ಸಾಲು ಬರೆಯಿರಿ: ಹಾಗಾದರೆ ಇವತ್ತು ನಿನ್ ಬಿನ್, ನಾಳೆ ಹಾ ಲಾಂಗ್, ದಯವಿಟ್ಟು ಬದಲಿಸಿ ಖಚಿತಪಡಿಸಿ.