'ಲೋಕಲ್' ಬೇರೆ, 'ಲೋಕಲ್‌ಹೋಸ್ಟ್' ಬೇರೆ: ಜ್ಯಾಂಗೋಗೆ ಪೋಸ್ಟ್‌ಗ್ರೆಸ್ ಜೋಡಿಸುವಾಗ ಬರೆದುಕೊಂಡಿದ್ದು

ಮಂಡ್ಯದ ಹತ್ತಿರ ನಮ್ಮ ಸೋದರಮಾವನ ಆಲೆಮನೆ ಇದೆ. ಯಾರ ಗದ್ದೆಯಿಂದ ಎಷ್ಟು ಟನ್ ಕಬ್ಬು ಬಂತು, ಯಾರಿಗೆ ಎಷ್ಟು ದುಡ್ಡು ಬಾಕಿ, ಎಲ್ಲ ಒಂದು ಉದ್ದನೆಯ ಪುಸ್ತಕದಲ್ಲಿದೆ. ಆ ಲೆಕ್ಕಕ್ಕೆ ಒಂದು ಸಣ್ಣ ವೆಬ್ ಆ್ಯಪ್ ಮಾಡುತ್ತಿದ್ದೇನೆ. ಮೈಸೂರಿನ ರೂಮಿನಲ್ಲಿ ಉಬುಂಟು ಲಿನಕ್ಸ್ ಇರುವ ಲ್ಯಾಪ್‌ಟಾಪ್, ಪೈಥಾನ್‌ನಲ್ಲಿ ವೆಬ್ ಆ್ಯಪ್ ಕಟ್ಟುವ ಜ್ಯಾಂಗೋ, ಡೇಟಾ ಇಡುವ ಡೇಟಾಬೇಸ್ ಪೋಸ್ಟ್‌ಗ್ರೆಸ್. ಪೈಥಾನ್ ಹಾಕಿಕೊಳ್ಳುವುದು, ವರ್ಚುವಲ್ ಎನ್ವಿರಾನ್‌ಮೆಂಟ್ ಮಾಡುವುದು ನಿಮಗೆ ಗೊತ್ತೇ ಇರುತ್ತದೆ. ನಾನು ಎರಡು ಸಂಜೆ ಸಿಕ್ಕಿಹಾಕಿಕೊಂಡ ಜಾಗದಿಂದಲೇ ಶುರು ಮಾಡುತ್ತೇನೆ.

ಪೀರ್ ಅಥೆಂಟಿಕೇಶನ್ ಫೇಲ್ಡ್

ಪೋಸ್ಟ್‌ಗ್ರೆಸ್‌ನಲ್ಲಿ 'ಆಲೆಮನೆ' ಅಂತ ಒಂದು ಯೂಸರ್ ಮಾಡಿ ಪಾಸ್‌ವರ್ಡ್ ಕೊಟ್ಟೆ. ಅವೆರಡನ್ನೂ ಸೆಟ್ಟಿಂಗ್ಸ್ ಫೈಲಿಗೆ ಹಾಕಿದೆ. ಮೈಗ್ರೇಟ್ ಮಾಡಿದರೆ, ಅಂದರೆ ಡೇಟಾಬೇಸಿನಲ್ಲಿ ಟೇಬಲ್ ಕಟ್ಟು ಅಂತ ಜ್ಯಾಂಗೋಗೆ ಹೇಳಿದರೆ, ಮೇಲಿನ ಎರರ್. ಪಾಸ್‌ವರ್ಡ್ ತಪ್ಪಿರಬೇಕು ಅಂತ ಐದಾರು ಸಲ ಬದಲಾಯಿಸಿದೆ. ಆದರೆ ಪಾಸ್‌ವರ್ಡನ್ನು ಇಲ್ಲಿ ಯಾರೂ ಕೇಳಿಯೇ ಇರಲಿಲ್ಲ!

ಪೋಸ್ಟ್‌ಗ್ರೆಸ್ ಒಳಗೆ ಹೋಗಲು ಎರಡು ಬಾಗಿಲು. ಒಂದು ಯೂನಿಕ್ಸ್ ಸಾಕೆಟ್, ಅದೇ ಮೆಷಿನ್ನಿನ ಒಳದಾರಿ. ಇನ್ನೊಂದು ಟಿಸಿಪಿ, ಅಂದರೆ ನೆಟ್‌ವರ್ಕ್ ದಾರಿ, ಮಾಮೂಲಾಗಿ ಪೋರ್ಟ್ 5432. ಯಾವ ಬಾಗಿಲಲ್ಲಿ ಹೇಗೆ ತಪಾಸಣೆ ಅನ್ನುವುದು 'ಪಿಜಿ ಎಚ್‌ಬಿಎ' ಅನ್ನುವ ಕಾನ್ಫಿಗ್ ಫೈಲಿನಲ್ಲಿದೆ. ಉಬುಂಟುವಿನಲ್ಲಿ 'ಲೋಕಲ್' ಅಂತ ಶುರುವಾಗುವ ಸಾಲಿನ ಕೊನೆಗೆ 'ಪೀರ್' ಅಂತ ಇರುತ್ತದೆ. 'ಹೋಸ್ಟ್' ಸಾಲಿನ ಕೊನೆಗೆ ಪಾಸ್‌ವರ್ಡ್ ಕೇಳುವ 'ಸ್ಕ್ರ್ಯಾಮ್' ಇರುತ್ತದೆ.

ಪೀರ್ ಅಂದರೆ, ನೀವು ಲಿನಕ್ಸ್‌ನಲ್ಲಿ ಯಾರು ಅಂತ ಪೋಸ್ಟ್‌ಗ್ರೆಸ್ ಆಪರೇಟಿಂಗ್ ಸಿಸ್ಟಮ್ಮನ್ನೇ ಕೇಳುತ್ತದೆ. ಆ ಹೆಸರು ಡೇಟಾಬೇಸ್ ಯೂಸರ್ ಹೆಸರಿಗೆ ಹೊಂದಿದರೆ ಮಾತ್ರ ಬಿಡುತ್ತದೆ. ಆಲೆಮನೆಯ ಹಿತ್ತಲ ಬಾಗಿಲು ಇದ್ದ ಹಾಗೆ. ಮನೆಯವರ ಮುಖ ನೋಡಿದರೆ ಸಾಕು, ಚೀಟಿ ಬೇಡ. ಮುಂದಿನ ಗೇಟಿಂದ ಕಬ್ಬಿನ ಗಾಡಿ ಬಂದರೆ ತೂಕದ ಚೀಟಿ ಬೇಕೇ ಬೇಕು. ನಾನು ಹಿತ್ತಲ ಬಾಗಿಲಲ್ಲಿ ನಿಂತು ಚೀಟಿ ತೋರಿಸುತ್ತಿದ್ದೆ.

ಈಗ ನನ್ನನ್ನು ಜಾಸ್ತಿ ಕಾಡಿದ ವಿಷಯ. ಹೆಸರು ನೋಡಿದರೆ 'ಲೋಕಲ್‌ಹೋಸ್ಟ್' ಆ 'ಲೋಕಲ್' ಸಾಲಿಗೆ ಸೇರಬೇಕು ಅನ್ನಿಸುತ್ತದೆ, ಅಲ್ವಾ? ಸೇರುವುದಿಲ್ಲ. 'ಲೋಕಲ್' ಅಂದರೆ ಸಾಕೆಟ್ ಮಾತ್ರ. 'ಲೋಕಲ್‌ಹೋಸ್ಟ್' ಅಂದರೆ 127.0.0.1, ಅದು ಟಿಸಿಪಿ, ಹಾಗಾಗಿ 'ಹೋಸ್ಟ್' ಸಾಲಿನದು. ಜ್ಯಾಂಗೋ ಸೆಟ್ಟಿಂಗ್ಸ್‌ನಲ್ಲಿ ಹೋಸ್ಟ್ ಖಾಲಿ ಬಿಟ್ಟರೆ ಅದು ಸಾಕೆಟ್ಟಿಗೆ ಹೋಗುತ್ತದೆ. ನಾನು ಖಾಲಿ ಬಿಟ್ಟಿದ್ದೆ. ಅಲ್ಲಿ 'ಲೋಕಲ್‌ಹೋಸ್ಟ್' ಅಂತ ಬರೆದೆ, ಆಯ್ತು. ಕಾನ್ಫಿಗ್ ಫೈಲ್ ಮುಟ್ಟಲೇ ಇಲ್ಲ.

'ಪೀರ್' ಅಳಿಸಿ 'ಟ್ರಸ್ಟ್' ಹಾಕಿ ಅಂತ ಯಾರಾದರೂ ಹೇಳಬಹುದು. ದಯವಿಟ್ಟು ಬೇಡ. ಆ ಬಾಗಿಲಲ್ಲಿ ಯಾರು ಯಾವ ಹೆಸರು ಹೇಳಿದರೂ ಸುಮ್ನೆ ಒಳಗೆ ಬಿಡುತ್ತದೆ.

ಓನರ್

2022ರಲ್ಲಿ ಬಂದ ಪೋಸ್ಟ್‌ಗ್ರೆಸ್ 15ರಿಂದ, ಪಬ್ಲಿಕ್ ಸ್ಕೀಮಾದಲ್ಲಿ (ಟೇಬಲ್‌ಗಳು ಮಾಮೂಲಾಗಿ ಕೂರುವ ಜಾಗ) ಟೇಬಲ್ ಮಾಡುವ ಹಕ್ಕು ಎಲ್ಲರಿಗೂ ತಾನಾಗಿ ಸಿಗುವುದಿಲ್ಲ. ಹಾಗಾಗಿ ಡೇಟಾಬೇಸ್ ಮಾಡುವಾಗಲೇ ನಿಮ್ಮ ಆ್ಯಪ್ ಯೂಸರನ್ನು ಓನರ್ ಮಾಡಿಬಿಡಿ.

ಟೆಸ್ಟ್

ಟೆಸ್ಟ್ ಓಡಿಸಿದಾಗ ಜ್ಯಾಂಗೋ ನಿಮ್ಮ ಅಸಲಿ ಡೇಟಾ ಮುಟ್ಟುವುದಿಲ್ಲ. ಹೆಸರಿನ ಮುಂದೆ 'ಟೆಸ್ಟ್' ಸೇರಿಸಿ ಬೇರೆ ಡೇಟಾಬೇಸ್ ಕಟ್ಟುತ್ತದೆ, ಮುಗಿದ ಮೇಲೆ ಕೆಡವುತ್ತದೆ. ಅದಕ್ಕೆ ಯೂಸರ್‌ಗೆ 'ಕ್ರಿಯೇಟ್‌ಡಿಬಿ' ಹಕ್ಕು ಬೇಕು. ಪ್ರತಿ ಸಲ ಕಟ್ಟಿ ಕೆಡವುವುದು ನಿಧಾನ. 'ಕೀಪ್‌ಡಿಬಿ' ಆಪ್ಶನ್ ಕೊಟ್ಟರೆ ಅದನ್ನೇ ಉಳಿಸಿಕೊಳ್ಳುತ್ತದೆ.

ಇಷ್ಟು ಕಷ್ಟ ಯಾಕೆ, ಟೆಸ್ಟಿಗೆ ಒಂದೇ ಫೈಲಿನಲ್ಲಿ ಇರುವ ಸಣ್ಣ ಡೇಟಾಬೇಸ್ ಎಸ್‌ಕ್ಯೂಲೈಟ್ ಸಾಕಲ್ವಾ ಅಂದುಕೊಂಡಿದ್ದೆ. ಊರಿನ ಹೆಸರಿನ ಫೀಲ್ಡಿಗೆ 10 ಅಕ್ಷರದ ಮಿತಿ ಇಟ್ಟಿದ್ದೆ. ಟೆಸ್ಟಿನಲ್ಲಿ 'ಶ್ರೀರಂಗಪಟ್ಟಣ' ಅಂತ ಸೇವ್ ಮಾಡಿದೆ. ಎಸ್‌ಕ್ಯೂಲೈಟ್ ಒಪ್ಪಿಕೊಂಡಿತು. ಪೋಸ್ಟ್‌ಗ್ರೆಸ್ 'ವ್ಯಾಲ್ಯೂ ಟೂ ಲಾಂಗ್' ಅಂದಿತು. ಕಣ್ಣಿಗೆ ಆರೇ ಅಕ್ಷರ: ಶ್ರೀ, ರಂ, ಗ, ಪ, ಟ್ಟ, ಣ. ಆದರೆ ಡೇಟಾಬೇಸ್ ಯೂನಿಕೋಡ್ ಲೆಕ್ಕದಲ್ಲಿ ಎಣಿಸುತ್ತದೆ. 'ಶ್ರೀ' ಒಂದೇ ನಾಲ್ಕು: ಶ, ಅರ್ಧಾಕ್ಷರದ ಗುರುತು, ರ, ದೀರ್ಘದ ಗುರುತು. ಒಟ್ಟು 12. ಎಸ್‌ಕ್ಯೂಲೈಟ್ ಉದ್ದದ ಮಿತಿಯನ್ನು ತಾನಾಗಿ ಪಾಲಿಸುವುದಿಲ್ಲ, ಅದಕ್ಕೇ ಟೆಸ್ಟ್ ಪಾಸಾಗಿತ್ತು. ಈಗ ಮಿತಿ 60 ಮಾಡಿದ್ದೇನೆ, ಟೆಸ್ಟಿಗೂ ಪೋಸ್ಟ್‌ಗ್ರೆಸ್ಸೇ. ಶ್ರೀರಂಗಪಟ್ಟಣದ ಟೆಸ್ಟನ್ನು ಹಾಗೇ ಉಳಿಸಿಕೊಂಡಿದ್ದೇನೆ.