ಪೋರ್ಟ್‌ಲೆಂಡ್‌ಗೆ ಬೇಸ್‌ಬಾಲ್ ತಂಡ: ಹೂಡಿಕೆದಾರರಿದ್ದಾರೆ, ಜಾಗವಿದೆ, ಮತ್ತೇಕೆ ತಡ?

ಪ್ರಶ್ನೆ: ಒರೆಗಾನ್‌ನ ಪೋರ್ಟ್‌ಲೆಂಡ್ ಪಕ್ಕದಲ್ಲಿ ನಮ್ಮ ಮನೆ. ಇಲ್ಲಿಗೆ ಬಂದಾಗಿನಿಂದ ಸಹೋದ್ಯೋಗಿಗಳು “ನಮ್ಮ ಊರಿಗೆ ಮೇಜರ್ ಲೀಗ್ ಬೇಸ್‌ಬಾಲ್ ತಂಡ ಇನ್ನೇನು ಬಂತು” ಎನ್ನುತ್ತಲೇ ಇದ್ದಾರೆ. ಹೂಡಿಕೆದಾರರಿದ್ದಾರಂತೆ, ಜಾಗ ನೋಡಿದ್ದಾರಂತೆ, ರಾಜ್ಯ ಸರ್ಕಾರವೂ ಹಣಕ್ಕೆ ಒಪ್ಪಿದೆಯಂತೆ. ಐಪಿಎಲ್‌ನಲ್ಲಿ ಲಖನೌ, ಅಹಮದಾಬಾದ್ ತಂಡಗಳು ಒಂದೇ ದಿನದಲ್ಲಿ ಹುಟ್ಟಿಕೊಂಡವಲ್ಲ! ಇಲ್ಲಿ ಮಾತ್ರ ಏಕೆ ಇಷ್ಟು ಎಳೆದಾಟ?

ಉತ್ತರ: ತಂಡ ಬೇಕೋ ಬೇಡವೋ ಎಂದು ತೀರ್ಮಾನಿಸುವವರು ಪೋರ್ಟ್‌ಲೆಂಡ್‌ನಲ್ಲಿ ಇಲ್ಲ. ಈಗಿರುವ 30 ತಂಡಗಳ ಮಾಲೀಕರ ಕೈಯಲ್ಲಿ ಆ ತೀರ್ಮಾನವಿದೆ, ಅವರಿಗೆ ಆತುರವಿಲ್ಲ. ಉಳಿದ ಕಥೆಯೆಲ್ಲ ಈ ಮಾತಿನ ಸುತ್ತಲೇ ಸುತ್ತುತ್ತದೆ.

ನೀವೇ ತೆಗೆದ ಐಪಿಎಲ್ ಉದಾಹರಣೆಯನ್ನು ಮೊದಲು ನೋಡಿಬಿಡೋಣ. 2021ರ ಅಕ್ಟೋಬರ್‌ನಲ್ಲಿ ದುಬೈನಲ್ಲಿ ಬಿಡ್‌ಗಳನ್ನು ತೆರೆದಾಗ ಲಖನೌ ತಂಡ 7,090 ಕೋಟಿ ರೂಪಾಯಿಗೆ, ಅಹಮದಾಬಾದ್ ತಂಡ 5,625 ಕೋಟಿಗೆ ಹೋದವು. ಮರುವರ್ಷವೇ ಎರಡೂ ಅಂಗಳಕ್ಕಿಳಿದವು. ಅಲ್ಲಿ ಅಂಗಡಿಯ ಒಡೆಯ ಒಬ್ಬನೇ, ಬಿಸಿಸಿಐ. ಹೊಸ ತಂಡ ಬರಲಿ ಎಂದರೆ ಬಂತು. ಹಳೆಯ ತಂಡಗಳ ಮತ ಕೇಳುವ ಗೋಜಿಲ್ಲ. ಎರಡೂ ಊರುಗಳಲ್ಲಿ ದೊಡ್ಡ ಕ್ರೀಡಾಂಗಣ ಮೊದಲೇ ಇತ್ತು. ತವರಿನಲ್ಲಿ ಆಡಬೇಕಾದದ್ದು ಏಳೆಂಟು ಪಂದ್ಯ.

ಬೇಸ್‌ಬಾಲ್‌ನಲ್ಲಿ ಇದೆಲ್ಲವೂ ತಿರುವುಮುರುವು. ಒಂದು ತಂಡ ಒಂದು ಋತುವಿನಲ್ಲಿ 162 ಪಂದ್ಯ ಆಡುತ್ತದೆ, ಅದರಲ್ಲಿ 81 ತವರಿನಲ್ಲಿ. ಪಂದ್ಯಕ್ಕೆ 30,000 ಜನ ಬರಬೇಕೆಂದರೆ ವರ್ಷಕ್ಕೆ 24 ಲಕ್ಷದ 30 ಸಾವಿರ ಟಿಕೆಟ್ ಮಾರಬೇಕು. ಪೋರ್ಟ್‌ಲೆಂಡ್ ಮತ್ತು ಸುತ್ತಲಿನ ಊರುಗಳ ಒಟ್ಟು ಜನಸಂಖ್ಯೆಯೇ ಸುಮಾರು 25 ಲಕ್ಷ. ತೊಟ್ಟಿಲ ಕೂಸಿನಿಂದ ಹಿಡಿದು ಹಾಸಿಗೆ ಹಿಡಿದ ಅಜ್ಜಿಯವರೆಗೆ ಎಲ್ಲರೂ ವರ್ಷಕ್ಕೊಂದು ಪಂದ್ಯಕ್ಕೆ ಬಂದಂತೆ. ಇದು ಆಗದ ಮಾತೇನಲ್ಲ, ಆದರೆ ವಾರಾಂತ್ಯದ ಏಳೆಂಟು ಸಂಜೆಗಳನ್ನು ತುಂಬಿಸುವ ಲೆಕ್ಕವೂ ಅಲ್ಲ.

ಇನ್ನು ಮತದ ವಿಚಾರ. ಹೊಸ ತಂಡ ಸೇರಬೇಕಾದರೆ, ಇರುವ ತಂಡ ಊರು ಬದಲಿಸಬೇಕಾದರೂ, ಮಾಲೀಕರಲ್ಲಿ ನಾಲ್ಕರಲ್ಲಿ ಮೂರು ಪಾಲು ಒಪ್ಪಬೇಕು. ಅಂದರೆ 23 ಮತ. ಅಮೆರಿಕದಲ್ಲಿ ಇಷ್ಟು ಬಿಗಿಯಾದ ಕೂಟ ಕಟ್ಟಿಕೊಂಡು ವ್ಯಾಪಾರ ಮಾಡುವುದು ಸಾಮಾನ್ಯವಾಗಿ ಏಕಸ್ವಾಮ್ಯ ವಿರೋಧಿ ಕಾನೂನಿಗೆ ಸಿಕ್ಕಿಬೀಳುತ್ತದೆ. ಬೇಸ್‌ಬಾಲ್ ಮಾತ್ರ ಸಿಕ್ಕಿಬೀಳುವುದಿಲ್ಲ. ಆ ಆಟ ಅಂತರರಾಜ್ಯ ವಾಣಿಜ್ಯದ ವ್ಯಾಖ್ಯೆಗೆ ಬರುವುದಿಲ್ಲ ಎಂದು 1922ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಕೋಟ್ಯಂತರ ಡಾಲರ್ ರಾಜ್ಯದಿಂದ ರಾಜ್ಯಕ್ಕೆ ಹರಿಯುವ ಈ ಕಾಲದಲ್ಲಿ ಅದು ವಿಚಿತ್ರವಾಗಿ ಕೇಳಿಸುತ್ತದೆ, ಆದರೂ ಆ ರಕ್ಷಣೆಯ ಬಹುಭಾಗ ಇಂದಿಗೂ ಉಳಿದಿದೆ. ಬಾಸ್ಕೆಟ್‌ಬಾಲ್‌ಗಾಗಲಿ ಅಮೆರಿಕನ್ ಫುಟ್‌ಬಾಲ್‌ಗಾಗಲಿ ಈ ಭಾಗ್ಯವಿಲ್ಲ.

ಮಾಲೀಕರು ಏಕೆ ಹಿಂದೇಟು ಹಾಕುತ್ತಾರೆ? ಪಾಲಿನ ಪ್ರಶ್ನೆ. ರಾಷ್ಟ್ರೀಯ ಟಿವಿ ಹಕ್ಕುಗಳ ಹಣವನ್ನು ಈಗ 30 ಪಾಲು ಮಾಡುತ್ತಾರೆ, ಎರಡು ತಂಡ ಬಂದರೆ 32 ಪಾಲು. ಈ ನಷ್ಟವನ್ನು ತುಂಬಿಕೊಡುವುದು ಹೊಸಬರು ಕಟ್ಟುವ ಪ್ರವೇಶ ಶುಲ್ಕ. 1993ರಲ್ಲಿ ಬಂದ ಕೊಲರಾಡೊ, ಫ್ಲೋರಿಡಾ ತಂಡಗಳು ತಲಾ 9.5 ಕೋಟಿ ಡಾಲರ್ ಕಟ್ಟಿದ್ದವು. 1998ರಲ್ಲಿ ಅರಿಜೋನಾ, ಟ್ಯಾಂಪಾ ಬೇ ತಂಡಗಳು ತಲಾ 13 ಕೋಟಿ. ಅಲ್ಲಿಂದೀಚೆಗೆ ಒಂದೂ ಹೊಸ ತಂಡ ಸೇರಿಲ್ಲ. ಈಗ ಕೇಳಿಬರುತ್ತಿರುವ ಮೊತ್ತ 200 ಕೋಟಿ ಡಾಲರ್ ಅಥವಾ ಅದಕ್ಕೂ ಮೇಲೆ. ಎರಡು ತಂಡಗಳಿಂದ 400 ಕೋಟಿ ಬಂತೆಂದು ಇಟ್ಟುಕೊಳ್ಳಿ, 30 ಮಂದಿ ಹಂಚಿಕೊಂಡರೆ ಒಬ್ಬೊಬ್ಬರಿಗೆ 13 ಕೋಟಿ ಡಾಲರ್‌ಗೂ ಹೆಚ್ಚು, ಒಂದೇ ಗಂಟು. ಟಿವಿ ಪಾಲು ಮಾತ್ರ ಎಂದೆಂದಿಗೂ ಕಿರಿದಾಗುತ್ತದೆ. ಲೀಗಿನ ರಾಷ್ಟ್ರೀಯ ಟಿವಿ ಒಪ್ಪಂದಗಳು 2028ರವರೆಗೆ ಇವೆ. ಮುಂದಿನ ಒಪ್ಪಂದದ ಗಾತ್ರ ತಿಳಿಯದೆ ಪಾಲುದಾರರನ್ನು ಹೆಚ್ಚಿಸಿಕೊಳ್ಳಲು ಯಾವ ವ್ಯಾಪಾರಿಯೂ ಮುಂದಾಗುವುದಿಲ್ಲ. ಆಟಗಾರರ ಸಂಘದೊಂದಿಗಿನ ಒಪ್ಪಂದವೂ 2026ರ ಡಿಸೆಂಬರ್ 1ರವರೆಗಿನದು.

ಲೀಗಿನ ಕಮಿಷನರ್ ರಾಬ್ ಮ್ಯಾನ್‌ಫ್ರೆಡ್ ಬಹಳ ವರ್ಷ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡಿದರು: ಓಕ್‌ಲೆಂಡ್ ಮತ್ತು ಟ್ಯಾಂಪಾ ಬೇ ತಂಡಗಳ ಕ್ರೀಡಾಂಗಣದ ಗೊಂದಲ ತೀರಲಿ, ಆಮೇಲೆ ನೋಡೋಣ ಎಂದು. ಓಕ್‌ಲೆಂಡ್ ತಂಡ 2024ರ ನಂತರ ಊರು ಬಿಟ್ಟಿತು. ಲಾಸ್ ವೇಗಸ್‌ನಲ್ಲಿ ಕ್ರೀಡಾಂಗಣ ಏಳುವವರೆಗೆ ಸ್ಯಾಕ್ರಮೆಂಟೊ ಪಕ್ಕದ ಚಿಕ್ಕ ಮೈದಾನದಲ್ಲಿ ಬಿಡಾರ ಹೂಡಿದೆ. ಟ್ಯಾಂಪಾ ಬೇ ತಂಡದ ಕ್ರೀಡಾಂಗಣದ ಚಾವಣಿಯನ್ನು 2024ರ ಅಕ್ಟೋಬರ್‌ನಲ್ಲಿ ಮಿಲ್ಟನ್ ಚಂಡಮಾರುತ ಹರಿದು ಹಾಕಿತು, ಮರುವರ್ಷ ತಂಡದ ಮಾಲೀಕರೇ ಬದಲಾದರು. ಮ್ಯಾನ್‌ಫ್ರೆಡ್ ಅವರ ಅವಧಿ 2029ರ ಜನವರಿಯವರೆಗೆ. ಅಷ್ಟರೊಳಗೆ ಎರಡು ನಗರಗಳನ್ನು ಆರಿಸಿರಬೇಕೆಂಬುದು ತಮ್ಮ ಆಸೆ ಎಂದು ಅವರು ಹೇಳಿದ್ದಾರೆ. ಗಮನಿಸಿ, ಆರಿಸುವುದು ಅಷ್ಟೇ. ಮೊದಲ ಪಂದ್ಯ ಅದಕ್ಕೂ ಹಲವು ವರ್ಷ ಆಚೆಯ ಮಾತು.

ಈಗ ಪೋರ್ಟ್‌ಲೆಂಡ್‌ನ ಕಡೆಗೆ. ಮಾಜಿ ನೈಕಿ ಅಧಿಕಾರಿ ಕ್ರೇಗ್ ಚೀಕ್ ಅವರ ನೇತೃತ್ವದ ‘ಪೋರ್ಟ್‌ಲೆಂಡ್ ಡೈಮಂಡ್ ಪ್ರಾಜೆಕ್ಟ್’ 2018ರಿಂದ ಈ ಪ್ರಯತ್ನದಲ್ಲಿದೆ. ಅಮೆರಿಕನ್ ಫುಟ್‌ಬಾಲ್ ಆಟಗಾರ ರಸೆಲ್ ವಿಲ್ಸನ್, ಅವರ ಪತ್ನಿ ಗಾಯಕಿ ಸಿಯಾರಾ ಕೂಡ ಹೂಡಿಕೆದಾರರಾಗಿ ಸೇರಿಕೊಂಡರು. ಟೋಪಿ, ಅಂಗಿಗಳ ಮಾರಾಟ ಆಗಲೇ ಶುರುವಾಯಿತು, ಕೂಸು ಹುಟ್ಟುವ ಮುಂಚೆ ಕುಲಾವಿ ಎನ್ನುವುದು ಇದಕ್ಕೇ. ಜಾಗದ ಹುಡುಕಾಟ ಮೊದಲು ವಿಲಾಮೆಟ್ ನದಿ ದಂಡೆಯ ಟರ್ಮಿನಲ್ 2 ಎಂಬ ಹಳೆಯ ಹಡಗುಕಟ್ಟೆಗೆ ಹೋಯಿತು, ಅದು ಕೈಬಿಟ್ಟಿತು. 2024ರಲ್ಲಿ ಬೀವರ್‌ಟನ್ ಕಡೆಯ ರೆಡ್‌ಟೇಲ್ ಗಾಲ್ಫ್ ಮೈದಾನದ ಹೆಸರು ಬಂತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಝೈಡೆಲ್ ಯಾರ್ಡ್ಸ್ ಎಂಬ ಜಾಗವನ್ನು ಕೊಳ್ಳುವ ಇರಾದೆ ಪತ್ರಕ್ಕೆ ಸಹಿ ಬಿತ್ತು.

ಪೇಟೆಗೆ ದಕ್ಷಿಣದಲ್ಲಿ, ನದಿಗೆ ಅಂಟಿಕೊಂಡೇ ಇರುವ ಜಾಗವದು. ಎರಡನೇ ಮಹಾಯುದ್ಧ ಮುಗಿದ ಮೇಲೆ ಬೇಡವಾದ ಹಡಗುಗಳನ್ನು ಒಡೆದು ಗುಜರಿಗೆ ಹಾಕುತ್ತಿದ್ದ ಅಂಗಳ. ಆಮೇಲೆ ದಶಕಗಳ ಕಾಲ ಅಲ್ಲೇ ಬಾರ್ಜ್‌ಗಳನ್ನು ಕಟ್ಟಿದರು. ಕೊನೆಯದು ನೀರಿಗಿಳಿದದ್ದು 2017ರಲ್ಲಿ. ಒಂದು ಬದಿಗೆ ಕಾರುಗಳಿಗೆ ಪ್ರವೇಶವೇ ಇಲ್ಲದ ಟಿಲಿಕಮ್ ಸೇತುವೆ; ರೈಲು, ಬಸ್, ಸೈಕಲ್, ಪಾದಚಾರಿಗಳಿಗಷ್ಟೇ ಅದರ ಮೇಲೆ ದಾರಿ. ತಲೆಯ ಮೇಲೆ ಬೆಟ್ಟದ ಆಸ್ಪತ್ರೆಗೆ ಹೋಗುವ ಕೇಬಲ್ ಕಾರು. ಟಿವಿ ಕ್ಯಾಮೆರಾಗಳಿಗೆ ಇದಕ್ಕಿಂತ ಚೆಂದದ ನೋಟ ಬೇಕಿಲ್ಲ. ಮಳೆಯ ಊರೆಂದು ಹೆಸರಾದರೂ ಬೇಸ್‌ಬಾಲ್ ಕಳೆಗಟ್ಟುವ ಜುಲೈ, ಆಗಸ್ಟ್‌ನಲ್ಲಿ ಅಲ್ಲಿ ಹನಿ ಬೀಳುವುದು ಅಪರೂಪ. ಜಾಗದ ಮಟ್ಟಿಗೆ ನನಗೆ ತಕರಾರಿಲ್ಲ.

ದುಡ್ಡಿನ ಬಗ್ಗೆ ಇದೆ. ಒರೆಗಾನ್‌ನಲ್ಲಿ ಮಾರಾಟ ತೆರಿಗೆಯೇ ಇಲ್ಲ. ಬೇರೆ ರಾಜ್ಯಗಳು ಅಂಗಡಿ ಬಿಲ್ಲಿನ ಮೇಲೆ ಒಂದಿಷ್ಟು ಸೇರಿಸಿ ಕ್ರೀಡಾಂಗಣ ಕಟ್ಟುವಂತೆ ಇಲ್ಲಿ ಕಟ್ಟಲಾಗದು. ಅದಕ್ಕೆ ಅವರು ಹಿಡಿದದ್ದು ಆಟಗಾರರ ಆದಾಯ ತೆರಿಗೆಯ ದಾರಿ. 2003ರಲ್ಲೇ, ಮಾಂಟ್ರಿಯಲ್‌ನ ಎಕ್ಸ್‌ಪೋಸ್ ತಂಡವನ್ನು ಸೆಳೆಯಲು ನೋಡುತ್ತಿದ್ದಾಗ, 15 ಕೋಟಿ ಡಾಲರ್ ಸಾಲಪತ್ರಗಳಿಗೆ ಕಾನೂನು ಮಾಡಿದ್ದರು. ಆ ತಂಡ 2005ರಲ್ಲಿ ವಾಷಿಂಗ್ಟನ್ ಡಿ.ಸಿ.ಗೆ ಹೋಯಿತು, ಕಾನೂನು ಪುಸ್ತಕದಲ್ಲಿ ಉಳಿಯಿತು. 2025ರಲ್ಲಿ ಶಾಸನಸಭೆ ಆ ಮಿತಿಯನ್ನು 80 ಕೋಟಿ ಡಾಲರ್‌ಗೆ ಏರಿಸಿತು. ತವರಿನ ಆಟಗಾರರು, ಬಂದು ಆಡಿಹೋಗುವ ಎದುರಾಳಿಗಳು, ತಂಡದ ನೌಕರರು ಕಟ್ಟುವ ರಾಜ್ಯ ಆದಾಯ ತೆರಿಗೆಯಿಂದಲೇ ಸಾಲ ತೀರಬೇಕು. ತಂಡ ಬಾರದಿದ್ದರೆ ಸಾಲವೂ ಇಲ್ಲ.

ಜಾಣತನದ ಏರ್ಪಾಡು, ಒಪ್ಪುತ್ತೇನೆ. ಆದರೂ ಒಂದು ಒರಟು ಲೆಕ್ಕ ಹಾಕಿ ನೋಡಿ. ಆಟಗಾರರ ಒಟ್ಟು ಸಂಬಳ ವರ್ಷಕ್ಕೆ 15 ಕೋಟಿ ಡಾಲರ್ ಎನ್ನೋಣ. ಒರೆಗಾನ್‌ನ ಗರಿಷ್ಠ ತೆರಿಗೆ ದರ ಶೇ 9.9. ಎಲ್ಲರೂ ಅಲ್ಲೇ ಮನೆ ಮಾಡಿ ಪೂರ್ತಿ ತೆರಿಗೆ ಕಟ್ಟಿದರೂ ಒಂದೂವರೆ ಕೋಟಿಗೆ ಒಂದಿಷ್ಟು ಕಡಿಮೆ. ಬಂದುಹೋಗುವ ತಂಡಗಳ 81 ಪಂದ್ಯಗಳ ಪಾಲಿನಿಂದ ಇನ್ನೊಂದು 70 ಲಕ್ಷ ಬರಬಹುದು. ಎರಡೂ ಸೇರಿ 2.2 ಕೋಟಿಯ ಆಸುಪಾಸು. 80 ಕೋಟಿಗೆ ಶೇ 5 ಬಡ್ಡಿ ಹಿಡಿದರೆ ವರ್ಷದ ಬಡ್ಡಿಯೇ 4 ಕೋಟಿ. ಸಂಬಳಗಳು ಏರುತ್ತಾ ಹೋಗುತ್ತವೆ, ಅಧಿಕಾರಿಗಳ ತೆರಿಗೆಯೂ ಸೇರುತ್ತದೆ, ನಿಜ. ಹಾಗಿದ್ದರೂ 80 ಕೋಟಿ ಎನ್ನುವುದು ಗರಿಷ್ಠ ಮಿತಿ, ತಿಜೋರಿಯಲ್ಲಿ ಎಣಿಸಿಟ್ಟ ಹಣವಲ್ಲ. “ಸರ್ಕಾರ 80 ಕೋಟಿ ಕೊಡುತ್ತಿದೆ” ಎಂಬ ಮಾತು ಕಿವಿಗೆ ಬಿದ್ದಾಗ ಇದನ್ನು ನೆನಪಿಡಿ. ಮಿಕ್ಕದ್ದನ್ನೂ ಪ್ರವೇಶ ಶುಲ್ಕವನ್ನೂ ಖಾಸಗಿ ಹೂಡಿಕೆದಾರರೇ ತರಬೇಕು. ಅಷ್ಟು ಆಳವಾದ ಕಿಸೆಯ ಮುಖ್ಯ ಮಾಲೀಕ ಯಾರು ಎಂಬ ಪ್ರಶ್ನೆ ಪೋರ್ಟ್‌ಲೆಂಡ್‌ನ ಬೆನ್ನು ಬಿಟ್ಟಿಲ್ಲ.

ಎದುರಿಗೆ ಸಾಲ್ಟ್ ಲೇಕ್ ಸಿಟಿಯನ್ನು ಇಟ್ಟು ನೋಡಿ. ಅಲ್ಲಿ ಪ್ರಯತ್ನದ ಹಿಂದೆ ನಿಂತಿರುವುದು ಊರಿನಲ್ಲಿ ಬೇರುಬಿಟ್ಟ ಲ್ಯಾರಿ ಎಚ್. ಮಿಲ್ಲರ್ ಕಂಪನಿ, ಬಾಸ್ಕೆಟ್‌ಬಾಲ್ ತಂಡವನ್ನು ದಶಕಗಳ ಕಾಲ ನಡೆಸಿದ ಅನುಭವವಿದೆ. 2024ರಲ್ಲಿ ಯೂಟಾ ರಾಜ್ಯ ಕ್ರೀಡಾಂಗಣಕ್ಕೆ 90 ಕೋಟಿ ಡಾಲರ್‌ವರೆಗೆ ಒದಗಿಸುವ ಕಾನೂನು ಮಾಡಿತು. ಪೂರ್ವದಲ್ಲಿ ನ್ಯಾಶ್‌ವಿಲ್, ಷಾರ್ಲಟ್, ರಾಲಿ ಇವೆ. 32 ತಂಡಗಳಾದರೆ ಪೂರ್ವಕ್ಕೊಂದು ಪಶ್ಚಿಮಕ್ಕೊಂದು ಹಂಚುತ್ತಾರೆ ಎಂಬುದು ಬಹುತೇಕರ ಊಹೆ. ಹಾಗಾದರೆ ಪೋರ್ಟ್‌ಲೆಂಡ್‌ನ ನೇರ ಎದುರಾಳಿ ಸಾಲ್ಟ್ ಲೇಕ್. ನನ್ನ ಕಣ್ಣಿಗೆ ಸಾಲ್ಟ್ ಲೇಕ್ ಒಂದು ಹೆಜ್ಜೆ ಮುಂದಿದೆ. ಮೇಲಾಗಿ ಒರೆಗಾನ್ ಈಗ ಸಿಯಾಟಲ್ ಮ್ಯಾರಿನರ್ಸ್ ತಂಡದ ಟಿವಿ ಸೀಮೆ. ಪಕ್ಕದಲ್ಲೇ ಹೊಸ ತಂಡ ಬಂದರೆ ಅವರು ಪರಿಹಾರ ಕೇಳದೆ ಬಿಡುವುದಿಲ್ಲ. ಎಕ್ಸ್‌ಪೋಸ್ ವಾಷಿಂಗ್ಟನ್‌ಗೆ ಬಂದಾಗ ಬಾಲ್ಟಿಮೋರ್ ತಂಡದೊಂದಿಗೆ ಟಿವಿ ಹಣಕ್ಕಾಗಿ ಎದ್ದ ವ್ಯಾಜ್ಯ ವರ್ಷಾನುಗಟ್ಟಲೆ ಕೋರ್ಟಿನ ಮೆಟ್ಟಿಲಲ್ಲೇ ಕಳೆಯಿತು.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. ತಂಡಕ್ಕಾಗಿ ಕಾಯುವ ಊರು ಲೀಗಿಗೆ ಕಾಯುತ್ತಿದ್ದರೇ ಲಾಭ. ಫ್ಲೋರಿಡಾದ ಸೇಂಟ್ ಪೀಟರ್ಸ್‌ಬರ್ಗ್ ಇದರ ಪಾಠಶಾಲೆ. ಆ ಊರು ತಂಡವೇ ಇಲ್ಲದೆ ಗುಮ್ಮಟದ ಕ್ರೀಡಾಂಗಣ ಕಟ್ಟಲು ಹೊರಟಿತು, 1990ರಲ್ಲಿ ಬಾಗಿಲು ತೆರೆಯಿತು. ಅಷ್ಟರಲ್ಲಿ ಷಿಕಾಗೋದ ವೈಟ್ ಸಾಕ್ಸ್ ತಂಡ “ಹೊಸ ಕ್ರೀಡಾಂಗಣ ಕಟ್ಟಿಕೊಡದಿದ್ದರೆ ಫ್ಲೋರಿಡಾಗೆ ಹೊರಟೆವು” ಎಂದು ಇಲಿನಾಯ್ ಸರ್ಕಾರವನ್ನು ಹೆದರಿಸಿತು. 1988ರ ಜೂನ್ 30, ಶಾಸನಸಭೆಯ ಗಡುವಿನ ರಾತ್ರಿ. ಗವರ್ನರ್ ಜಿಮ್ ಥಾಂಪ್ಸನ್ ಸದನದೊಳಗೇ ಓಡಾಡಿ ಒಬ್ಬೊಬ್ಬರನ್ನೇ ಹಿಡಿದು ಮತ ಕೇಳಿದರು. ಮಸೂದೆ ಪಾಸಾಗುವಾಗ ನಡುರಾತ್ರಿ ದಾಟಿತ್ತು. ಗಡುವಿನೊಳಗೆ ಮುಗಿಯಿತೆಂದು ತೋರಿಸಲು ಸದನದ ಗಡಿಯಾರವನ್ನೇ ನಿಲ್ಲಿಸಿದ್ದರು. ದಾಖಲೆಯಲ್ಲಿ 11:59 ಎಂದೇ ಇದೆ. ಷಿಕಾಗೋಗೆ ಕ್ರೀಡಾಂಗಣ ಸಿಕ್ಕಿತು. 1992ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್ ಬರುವುದೇ ಖಚಿತ ಎನ್ನುವಾಗ ಉಳಿದ ಮಾಲೀಕರು ಮತ ಹಾಕಿ ತಡೆದರು. ಫ್ಲೋರಿಡಾದ ಆ ಗುಮ್ಮಟಕ್ಕೆ ತನ್ನದೇ ಬೇಸ್‌ಬಾಲ್ ತಂಡ ಬಂದದ್ದು 1998ರಲ್ಲಿ. ಮೇಲೆ ಹೇಳಿದ, ಚಂಡಮಾರುತಕ್ಕೆ ಚಾವಣಿ ಕಳೆದುಕೊಂಡ ಕ್ರೀಡಾಂಗಣ ಇದೇ.

ಪೋರ್ಟ್‌ಲೆಂಡ್‌ನ ಮೇಲೆಯೂ ಒಂದು ಆಕ್ಷೇಪವಿದೆ, ಅದನ್ನು ಅಲ್ಲಿನವರು ಅಷ್ಟಾಗಿ ಬಾಯಿಬಿಟ್ಟು ಹೇಳುವುದಿಲ್ಲ. ಊರಿಗೆ ಬೀವರ್ಸ್ ಎಂಬ ಕೆಳಹಂತದ ಬೇಸ್‌ಬಾಲ್ ತಂಡವಿತ್ತು, ಮೇಜರ್ ಲೀಗಿಗೆ ಒಂದೇ ಮೆಟ್ಟಿಲು ಕೆಳಗೆ. ಪೇಟೆಯ ನಡುವಿನ ಕ್ರೀಡಾಂಗಣವನ್ನು ಸಾಕರ್ ತಂಡ ಟಿಂಬರ್ಸ್‌ಗೆ ಒಪ್ಪಿಸಿದಾಗ ಬೀವರ್ಸ್‌ಗೆ ಬೇರೆ ಮೈದಾನ ಬೇಕಾಯಿತು. ಮೆಮೋರಿಯಲ್ ಕೊಲಿಸಿಯಂ ಕೆಡವಿ ಕಟ್ಟೋಣವೆಂದರೆ ಪಾರಂಪರಿಕ ಕಟ್ಟಡ ಎಂದು ವಿರೋಧ, ಲೆಂಟ್ಸ್ ಬಡಾವಣೆಯ ಉದ್ಯಾನದಲ್ಲಿ ಎಂದರೆ ಅಲ್ಲಿನ ನಿವಾಸಿಗಳ ವಿರೋಧ. 2010ರ ಋತು ಮುಗಿಯುತ್ತಲೇ ಬೀವರ್ಸ್ ಊರು ಬಿಟ್ಟಿತು. ಟಿಂಬರ್ಸ್ ಪಂದ್ಯಗಳಿಗೆ ಕಿಕ್ಕಿರಿದು ಸೇರುವ ಜನರನ್ನು ನೋಡಿದರೆ ಆ ತೀರ್ಮಾನ ತಪ್ಪೆನ್ನಲಾರೆ. ಆದರೆ ಸಣ್ಣ ತಂಡಕ್ಕೆ ಮೈದಾನ ಹುಡುಕಲಾಗದ ಊರು ದೊಡ್ಡ ತಂಡಕ್ಕೆ ಹುಡುಕೀತೇ ಎಂದು ಮಾಲೀಕರು ಕೇಳಿದರೆ ಉತ್ತರ ಸಿದ್ಧವಿರಬೇಕು.

ಹಾಗಾದರೆ ಊರಿಗೆ ನಷ್ಟವೇ, ಲಾಭವೇ? ಸರ್ಕಾರಿ ಹಣದ ಕ್ರೀಡಾಂಗಣಗಳಿಂದ ಊರಿನ ಆರ್ಥಿಕತೆ ಹೇಳಿಕೊಳ್ಳುವಷ್ಟು ಬೆಳೆಯುವುದಿಲ್ಲ ಎಂಬುದರಲ್ಲಿ ಅರ್ಥಶಾಸ್ತ್ರಜ್ಞರು ಹೆಚ್ಚುಕಡಿಮೆ ಒಂದೇ ಮಾತು ಆಡುತ್ತಾರೆ. ಪಂದ್ಯಕ್ಕೆ ಖರ್ಚಾಗುವ ಹಣ ಬಹುಪಾಲು ಅದೇ ಊರಿನ ಹೋಟೆಲು, ಸಿನಿಮಾಗಳಿಂದ ಸರಿದು ಬಂದದ್ದು. ತಂಡ ಬೇಕೆನ್ನಲು ಊರಿನ ಹೆಮ್ಮೆ, ಬೇಸಿಗೆಯ ಸಂಜೆಗಳ ಸಡಗರ ಸಾಕಾದ ಕಾರಣಗಳೇ. ಉದ್ಯೋಗ, ಅಭಿವೃದ್ಧಿ ಎಂದು ಹೇಳಿಕೊಂಡು ಮತ ಕೇಳುವುದಷ್ಟೇ ಬೇಡ.

ಮುಂದಿನ ಸುದ್ದಿಗಳಲ್ಲಿ ಮೂರು ಮಾತ್ರ ಗಮನಿಸಿ: ಆಟಗಾರರ ಸಂಘದೊಂದಿಗೆ ಹೊಸ ಒಪ್ಪಂದ, 2028ರ ನಂತರದ ಟಿವಿ ಹಕ್ಕುಗಳ ಮಾರಾಟ, ಪೋರ್ಟ್‌ಲೆಂಡ್ ಗುಂಪಿಗೆ ದೊಡ್ಡ ಮಾಲೀಕನೊಬ್ಬನ ಹೆಸರು. ಕ್ರೀಡಾಂಗಣದ ಹೊಸ ಹೊಸ ಚಿತ್ರಗಳು ಬಂದರೆ ನೋಡಿ ಸಂತೋಷಪಡಿ, ಅವು ಸುದ್ದಿಯಲ್ಲ. ಅಲ್ಲಿಯವರೆಗೆ ಆಟ ನೋಡಬೇಕೆನಿಸಿದರೆ ನಿಮ್ಮ ಹತ್ತಿರದ ಹಿಲ್ಸ್‌ಬರೋದಲ್ಲಿ 2013ರಿಂದ ಹಾಪ್ಸ್ ಎಂಬ ಕೆಳಹಂತದ ತಂಡವಿದೆ, ಟಿಕೆಟ್ ಜೇಬಿಗೆ ಭಾರವಲ್ಲ. ಮೇಜರ್ ಲೀಗೇ ಬೇಕೆಂದರೆ ರೈಲಿನಲ್ಲಿ ಸಿಯಾಟಲ್‌ಗೆ ಹೋಗಿ, ಕಿಂಗ್ ಸ್ಟ್ರೀಟ್ ನಿಲ್ದಾಣದಿಂದ ಮ್ಯಾರಿನರ್ಸ್ ಕ್ರೀಡಾಂಗಣಕ್ಕೆ ನಡೆದೇ ಹೋಗಬಹುದು. ವಾಪಸಿನ ರೈಲಿನ ಸಮಯ ಮಾತ್ರ ಮೊದಲೇ ನೋಡಿಕೊಳ್ಳಿ, ಪಂದ್ಯ ಎಷ್ಟು ಹೊತ್ತಿಗೆ ಮುಗಿಯುತ್ತದೆಂದು ಯಾರೂ ಹೇಳಲಾರರು.