ಅದೇ ಸ್ಕೀ ಹತ್ತುವಾಗ ಜಾರದೆ ಇಳಿಯುವಾಗ ಜಾರುವುದು ಹೇಗೆ?

ಉಡುಪಿಯ ಓದುಗರೊಬ್ಬರ ಪ್ರಶ್ನೆ: “ಮನಾಲಿ ಬಳಿಯ ಸೋಲಾಂಗ್‌ನಲ್ಲಿ ಬಾಡಿಗೆ ಸ್ಕೀ ಹಾಕಿ ನೋಡಿದೆ. ಇಳಿಯುವುದು ಅರ್ಧ ನಿಮಿಷ. ಆಮೇಲೆ ಸ್ಕೀ ಕಳಚಿ ಹೆಗಲಿಗೇರಿಸಿ ಹತ್ತುವುದು ಕಾಲು ಗಂಟೆ. ಹಿಮ್ಮಡಿ ಕಟ್ಟದ ಸ್ಕೀ ಇದೆ, ಅದರಲ್ಲಿ ಹತ್ತಲೂ ಆಗುತ್ತದೆ ಎನ್ನುತ್ತಾರೆ. ಹತ್ತುವಾಗ ಹಿಂದಕ್ಕೆ ಜಾರುವುದಿಲ್ಲವೇ? ಹಿಂದಕ್ಕೆ ಜಾರದ ಸ್ಕೀ ಮುಂದಕ್ಕೆ ಮಾತ್ರ ಹೇಗೆ ಜಾರುತ್ತದೆ? ಊರಿನಲ್ಲಿದ್ದುಕೊಂಡೇ ಇದಕ್ಕೆ ತಯಾರಾಗಬಹುದೇ?”

ಉತ್ತರ ಇರುವುದು ಹಿಮ್ಮಡಿಯಲ್ಲಲ್ಲ, ಸ್ಕೀಯ ನಡುವಿನಲ್ಲಿ. ಇಂಥ ಸ್ಕೀಯೊಂದನ್ನು ಸಮತಟ್ಟು ನೆಲದ ಮೇಲಿಟ್ಟು ಬದಿಯಿಂದ ನೋಡಿದರೆ ಎರಡು ತುದಿಗಳು ಮಾತ್ರ ನೆಲ ಮುಟ್ಟಿರುತ್ತವೆ, ನಡುಭಾಗ ಕೆಲವು ಮಿಲಿಮೀಟರ್ ಎದ್ದು ನಿಂತಿರುತ್ತದೆ. ಈ ಬಾಗನ್ನು ಕ್ಯಾಂಬರ್ ಎನ್ನುತ್ತಾರೆ. ತೋಡಿನ ಮೇಲೆ ಅಡಿಕೆ ಮರದ ಕಾಲುಸಂಕ ದಾಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ನಡುವಿಗೆ ಬಂದು ಕಾಲೂರಿದಾಗ ಅದು ತಗ್ಗುತ್ತದೆ, ದಾಟಿದ ಮೇಲೆ ಮತ್ತೆ ಏಳುತ್ತದೆ. ಭಾರ ಎರಡೂ ಕಾಲಿಗೆ ಹಂಚಿದ್ದರೆ ಸ್ಕೀಯ ನಡು ಪೂರ್ತಿ ತಗ್ಗುವುದಿಲ್ಲ. ನುಣುಪಾದ ಮುಂತುದಿ ಹಿಂತುದಿಗಳ ಮೇಲೆ ನೀವು ಜಾರುತ್ತೀರಿ. ಇಡೀ ಭಾರವನ್ನು ಒಂದೇ ಕಾಲಿಗೆ ಹಾಕಿ ಒತ್ತಿದರೆ ನಡು ಹಿಮಕ್ಕೆ ತಾಗುತ್ತದೆ. ಹಿಡಿಯುವ ಪಟ್ಟಿ ಇರುವುದು ಅಲ್ಲೇ.

ಆ ಪಟ್ಟಿ ಮೂರು ಬಗೆ. ತಳದಲ್ಲೇ ಕೊರೆದಿರುವ ಫಿಶ್‌ಸ್ಕೇಲ್, ಪ್ರತಿ ಸಲ ಹಚ್ಚಿಕೊಳ್ಳುವ ಗ್ರಿಪ್ ವ್ಯಾಕ್ಸ್, ತಳಕ್ಕೆ ಅಂಟಿಸಿ ಕೀಳುವ ರೋಮದ ಪಟ್ಟಿಯಾದ ಸ್ಕಿನ್. ಫಿಶ್‌ಸ್ಕೇಲ್‌ನ ಹಲ್ಲುಗಳು ಹಿಂದಕ್ಕೆ ಮುಖ ಮಾಡಿರುತ್ತವೆ. ಸ್ಕೀ ಮುಂದೆ ಹೋಗುವಾಗ ಹಿಮ ಅವುಗಳ ಮೇಲೆ ಹಾಯುತ್ತದೆ, ಹಿಂದೆ ಸರಿಯಲು ನೋಡಿದರೆ ಹಲ್ಲು ಕಚ್ಚುತ್ತದೆ. ಗಟ್ಟಿ ಹಿಮದಲ್ಲಿ ಇಳಿಯುವಾಗ ಗುಂಯ್ ಎನ್ನುವ ಸಣ್ಣ ಸದ್ದು ಬರುವುದು ಈ ಹಲ್ಲುಗಳದ್ದೇ. ವೇಗ ಸ್ವಲ್ಪ ಕಡಿಮೆಯಾಗುತ್ತದೆ. ಹೊಸಬರಿಗೆ ಅದೂ ಒಳ್ಳೆಯದೇ. ವ್ಯಾಕ್ಸ್ ಹಿಮದ ಉಷ್ಣತೆ ನೋಡಿ ಹಚ್ಚುವಂಥದ್ದು: ಹಸಿರು ಕಡುಚಳಿಗೆ, ನೀಲಿ ಸಾಧಾರಣ ಚಳಿಗೆ, ನೇರಳೆ ಸೊನ್ನೆ ಡಿಗ್ರಿಯ ಆಸುಪಾಸಿಗೆ, ಕೆಂಪು ಒದ್ದೆ ಹಿಮಕ್ಕೆ. ಮೆದು ವ್ಯಾಕ್ಸನ್ನು ಚಳಿ ಹಿಮದಲ್ಲಿ ಹಚ್ಚಿದರೆ ಹಿಮ ಅಂಟಿ ಅಂಟಿ ಕಾಲ ಕೆಳಗೆ ಗಡ್ಡೆಯಾಗುತ್ತದೆ, ಗಟ್ಟಿ ವ್ಯಾಕ್ಸನ್ನು ಒದ್ದೆ ಹಿಮದಲ್ಲಿ ಹಚ್ಚಿದರೆ ನಿಂತಲ್ಲೇ ಕಾಲು ಹಿಂದೆ ಹೋಗುತ್ತದೆ. ನಮ್ಮ ಹಿಮಾಲಯದಲ್ಲಿ ಬಿಸಿಲಿನ ಇಳಿಜಾರಿಗೂ ನೆರಳಿನ ಕಾಡಿಗೂ ಹಿಮದ ಗುಣವೇ ಬೇರೆ. ಹಾಗಾಗಿ ಮೊದಲ ಜೋಡಿಗೆ ಫಿಶ್‌ಸ್ಕೇಲ್ ಸಾಕು. ವ್ಯಾಕ್ಸಿನ ಹುಚ್ಚು ಬೇಕಾದರೆ ಆಮೇಲೆ ಹಿಡಿಸಿಕೊಳ್ಳಿ.

ಹಿಮ್ಮಡಿಗೆ ಬರೋಣ. ಬೂಟಿನ ಮೂತಿ ಮಾತ್ರ ಸ್ಕೀಗೆ ಕಟ್ಟಿರುತ್ತದೆ, ಹಿಮ್ಮಡಿ ಏಳುತ್ತದೆ. ಅಂದರೆ ಇದು ಮೊದಲು ನಡಿಗೆ, ಆಮೇಲೆ ಜಾರುವಿಕೆ. ಇಳಿಜಾರಿನ ಸ್ಕೀಯವರಿಗೆ ಸಮತಟ್ಟು ಹಿಮ ಎಂದರೆ ಶಿಕ್ಷೆ, ಕೋಲು ಕುತ್ತಿ ಕುತ್ತಿ ದಾಟುವ ಜಾಗ. ಹಿಮ್ಮಡಿ ಬಿಟ್ಟವರಿಗೆ ಅದೇ ಹಬ್ಬ. ಒಂದು ಒತ್ತಿಗೆ ಎರಡು ಮೂರು ಮೀಟರ್ ಸುಮ್ಮನೆ ತೇಲಿಕೊಂಡು ಹೋಗುವ ಸುಖ ಸಿಗುವುದು 3–5 ಡಿಗ್ರಿಯ ಮೈದಾನದಲ್ಲೇ. ಗೊಂಡೊಲಾ ಎಂಬ ಕೇಬಲ್ ಕಾರಿನ ಸಾಲು ಬೇಡ, ಟಿಕೆಟ್ಟು ಬೇಡ, ಇನ್ನೊಬ್ಬರು ತುಳಿದ ದಾರಿಯೂ ಬೇಡ. ಕಡಿದಾದ ಇಳಿಜಾರಿನಿಂದ ಶುರು ಮಾಡಿದವರಿಗೆ ಈ ಸುಖದ ಪರಿಚಯವೇ ಆಗುವುದಿಲ್ಲ. ಎರಡು ದಿನ ಬಿದ್ದು, ಇದು ನನಗಲ್ಲ ಎಂದು ಊರಿಗೆ ಮರಳುತ್ತಾರೆ.

ಒತ್ತುವ ಕ್ರಮದಲ್ಲಿ ಮಾತ್ರ ಹೆಚ್ಚಿನವರು ಎಡವುತ್ತಾರೆ. ಬಲಗಾಲು ಮುಂದೆ ಹೋದಾಗ ಎಡಗೈ ಮುಂದೆ, ನಡಿಗೆಯಂತೆಯೇ. ಆದರೆ ತಳ್ಳುವುದು ಹಿಂದಕ್ಕಲ್ಲ, ಕೆಳಕ್ಕೆ. ಎರಡು ಪಾದಗಳು ಒಂದರ ಪಕ್ಕ ಒಂದು ಬರುವ ಕ್ಷಣದಲ್ಲಿ ಸೊಂಟವನ್ನು ಪಾದದ ಮೇಲೆ ತಂದು, ಹೆಬ್ಬೆರಳಿನ ಬುಡದಿಂದ ಚುರುಕಾಗಿ ಕೆಳಗೆ ಒತ್ತಬೇಕು. ಕಾಲು ಹಿಂದೆ ಹೋದ ಮೇಲೆ ಒದ್ದರೆ ನಡುಪಟ್ಟಿ ಆಗಲೇ ಮೇಲೆದ್ದಿರುತ್ತದೆ, ಸ್ಕೀ ಜಾರಿಯೇ ಜಾರುತ್ತದೆ. ಸ್ಕೀಯಲ್ಲಿ ಹಿಡಿತವೇ ಇಲ್ಲ ಎಂದು ದೂರುವವರನ್ನು ಗಮನಿಸಿ: ಸೊಂಟ ಹಿಂದಿರುತ್ತದೆ, ಬೆನ್ನು ಬಾಗಿರುತ್ತದೆ, ಕಣ್ಣು ಸ್ಕೀ ತುದಿಯ ಮೇಲಿರುತ್ತದೆ. ಮೊದಲ ಗಂಟೆ ಕೋಲುಗಳನ್ನು ಪಕ್ಕಕ್ಕಿಟ್ಟು ಬರೀ ಕಾಲಿನಲ್ಲಿ ಅಭ್ಯಾಸ ಮಾಡಿದರೆ ಈ ರೋಗ ಬೇಗ ಬಿಡುತ್ತದೆ.

ಏರು 10 ಡಿಗ್ರಿ ದಾಟುತ್ತಿದ್ದಂತೆ ಫಿಶ್‌ಸ್ಕೇಲ್ ತಡವರಿಸತೊಡಗುತ್ತದೆ. ಆಗ ನೇರ ಹತ್ತುವ ಹಟ ಬಿಟ್ಟು ಅಡ್ಡಡ್ಡ ಹಾವುದಾರಿ ಹಿಡಿಯಬೇಕು. ಉದ್ದನೆಯ ಏರಾದರೆ ಸ್ಕಿನ್ ಅಂಟಿಸಬೇಕು.

ಇನ್ನು ಇಳಿಯುವುದು. ಹಿಮ್ಮಡಿ ಸಡಿಲ ಇರುವಾಗ ಗಟ್ಟಿ ಹಿಮದಿಂದ ಮೆದು ಹಿಮಕ್ಕೆ ನುಗ್ಗಿದರೆ ಸ್ಕೀ ನಿಧಾನವಾಗುತ್ತದೆ, ಮೈ ಆಗುವುದಿಲ್ಲ. ಮೂಗು ನೇರ ಹಿಮಕ್ಕೆ. ಇದಕ್ಕೆ ಪರಿಹಾರ ಟೆಲಿಮಾರ್ಕ್ ನಿಲುವು: ಒಂದು ಸ್ಕೀ ಮುಂದೆ, ಇನ್ನೊಂದು ಹಿಂದೆ, ಹಿಂಗಾಲಿನ ಹಿಮ್ಮಡಿ ಎದ್ದು ಮಂಡಿ ಬಾಗಿರುತ್ತದೆ. ಎರಡು ಸ್ಕೀ ಸೇರಿ ಒಂದು ಉದ್ದ ಸ್ಕೀಯಂತಾಗಿ ಮುಂದೆ ಮುಗ್ಗರಿಸುವುದು ತಪ್ಪುತ್ತದೆ. ತಿರುವಿನಲ್ಲಿ ಹೊರಬದಿಯ ಸ್ಕೀ ಮುಂದೆ ಬರಬೇಕು. ನಾರ್ವೆಯ ಟೆಲಿಮಾರ್ಕ್ ಪ್ರಾಂತ್ಯದ ಮೋರ್ಗೆಡಾಲ್‌ನಲ್ಲಿ 1825ರಲ್ಲಿ ಹುಟ್ಟಿದ ಸೋಂಡ್ರೆ ನೋರ್ಹೈಮ್ 1868ರಲ್ಲಿ ಈಗಿನ ಓಸ್ಲೊದಲ್ಲಿ ನಡೆದ ಸ್ಪರ್ಧೆಯಲ್ಲಿ ತನ್ನ ಸ್ಕೀ ಕೌಶಲ ತೋರಿಸಿದ. ಅಲ್ಲಿಂದ ಅವನ ಊರಿನ ಶೈಲಿಗೆ ಹೆಸರು ಬಂತು. ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ. ಭಾರವೆಲ್ಲ ಮುಂಗಾಲಿಗೆ ಹೋಗಿ ಹಿಂಗಾಲು ಅಲಂಕಾರಕ್ಕೆ ಉಳಿಯುತ್ತದೆ, ಹಿಂದಿನ ಸ್ಕೀ ತನಗೆ ಬೇಕಾದ ಕಡೆ ಹೋಗುತ್ತದೆ. ಅರ್ಧ ಭಾರ ಹಿಂಗಾಲಿನ ಬೆರಳ ಬುಡದ ಮೇಲೆ ಇರಲೇಬೇಕು. ಅಷ್ಟಕ್ಕೂ ಮೊದಲ ವರ್ಷ ಇದರ ಗೀಳು ಬೇಡ. ತುದಿಗಳನ್ನು ಕೂಡಿಸಿ ಹಿಂಬದಿ ಅಗಲಿಸುವ ಸ್ನೋಪ್ಲೌ, ಅಡ್ಡ ಸಾಗಿ ನಿಂತು, ಒಂದೊಂದೇ ಸ್ಕೀ ಎತ್ತಿ ತಿರುಗಿಸುವ ಕಿಕ್ ಟರ್ನ್ ಮಾಡುವುದು, ಇವೆರಡು ಗೊತ್ತಿದ್ದರೆ ಸುರಕ್ಷಿತವಾಗಿ ಕೆಳಗೆ ಬರಬಹುದು.

ಸಾಮಾನು ಕೊಳ್ಳುವಾಗ ಹೆಸರಿಗಿಂತ ಅಳತೆ ನೋಡಿ. ಹದ ಮಾಡಿದ ಟ್ರ್ಯಾಕಿಗೆ ಬಳಸುವ ಸುಮಾರು 45 ಮಿ.ಮೀ. ಅಗಲದ ಸಪೂರ ಸ್ಕೀ ನಮಗೆ ಉಪಯೋಗವಿಲ್ಲ, ಮೆದು ಹಿಮದಲ್ಲಿ ಮುಳುಗುತ್ತದೆ. 90 ಮಿ.ಮೀ. ಮೀರಿದ ಟೆಲಿಮಾರ್ಕ್ ಸ್ಕೀ, ಪ್ಲಾಸ್ಟಿಕ್ ಬೂಟು ಕಡಿದಾದ ಇಳಿಜಾರಿಗೆ ಸರಿ, ಮೈದಾನದಲ್ಲಿ ಭಾರ. ನಡು 55–70 ಮಿ.ಮೀ. ಇರುವ, ಅಂಚಿಗೆ ಉಕ್ಕಿನ ಪಟ್ಟಿ ಇರುವ ಬ್ಯಾಕ್‌ಕಂಟ್ರಿ ಸ್ಕೀ, ಅಂದರೆ ಹದ ಮಾಡದ ಹಿಮದಲ್ಲಿ ಓಡಾಡುವ ಸ್ಕೀ ಹುಡುಕಿ. ಉದ್ದ ಆರಿಸುವುದು ಎತ್ತರ ನೋಡಿ ಅಲ್ಲ, ಬೆನ್ನಚೀಲ ಸೇರಿದ ತೂಕ ನೋಡಿ. ಪರೀಕ್ಷೆ ಸುಲಭ: ಗಟ್ಟಿ ನೆಲದ ಮೇಲೆ ಎರಡೂ ಸ್ಕೀ ಮೇಲೆ ಸಮಭಾರದಲ್ಲಿ ನಿಂತಾಗ ಪಾದದ ನೇರಕ್ಕೆ ಸ್ಕೀಯ ಕೆಳಗೆ ಒಂದು ಹಾಳೆ ಸಲೀಸಾಗಿ ಓಡಾಡಬೇಕು, ಒಂದೇ ಕಾಲಿನ ಮೇಲೆ ನಿಂತಾಗ ಸಿಕ್ಕಿಕೊಳ್ಳಬೇಕು. ಒಂದೇ ಕಾಲಿನಲ್ಲೂ ಹಾಳೆ ಓಡಾಡಿದರೆ ಆ ಸ್ಕೀ ನಿಮಗೆ ಬಿಗಿ, ಏರಿನಲ್ಲಿ ಕೈ ಕೊಡುತ್ತದೆ. ಎರಡು ಕಾಲಿಗೇ ಸಿಕ್ಕಿಕೊಂಡರೆ ಮೆದು, ಎಲ್ಲೂ ಜಾರುವುದಿಲ್ಲ.

ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್‌ನಲ್ಲಿ ಎರಡು ಹೆಸರು ಹೆಚ್ಚು ಕೇಳುತ್ತವೆ. 75 ಮಿ.ಮೀ. ಬೈಂಡಿಂಗ್‌ನ ಮೂರು ಮೊಳೆಗಳು ಬೂಟಿನ ಮೂತಿಯಡಿಯ ಮೂರು ತೂತುಗಳಿಗೆ ಕೂರುತ್ತವೆ. ಎಡ ಬಲ ಬೇರೆ ಬೇರೆ. ಎನ್‌ಎನ್‌ಎನ್-ಬಿಸಿಯಲ್ಲಿ ಬೂಟಿನ ಮೂತಿಯ ಉಕ್ಕಿನ ಸರಳನ್ನು ಕೊಕ್ಕೆ ಹಿಡಿಯುತ್ತದೆ. ನಡಿಗೆಗೆ ಎರಡನೆಯದು ಹಗುರ, ನಯ. ಊರಾಚೆ ಮುರಿದರೆ ಏನಾದರೂ ಮಾಡಿ ಕಟ್ಟಿಕೊಂಡು ಬರಲು ಮೊದಲನೆಯದೇ ವಾಸಿ. ಸಾಮಾನ್ಯ ಎನ್‌ಎನ್‌ಎನ್ ಬೂಟು ಎನ್‌ಎನ್‌ಎನ್-ಬಿಸಿ ಬೈಂಡಿಂಗ್‌ಗೆ ಹೊಂದುವುದಿಲ್ಲ. ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಇಲ್ಲೇ ಮೋಸ ಹೋಗುವುದು. ಎರಡಕ್ಕೂ ಶತ್ರು ಮಂಜುಗಡ್ಡೆ. ತೂತಿನಲ್ಲೋ ಸರಳಿನ ಹಿಂದೆಯೋ ಹಿಮ ಗಟ್ಟಿಯಾಗಿ ಕೂತರೆ ಬೂಟು ಕೂತಂತೆ ಕಾಣುತ್ತದೆ, ಮೊದಲ ಇಳಿಜಾರಿನಲ್ಲೇ ಕಳಚುತ್ತದೆ. ಹಾಕುವ ಮೊದಲು ಕೋಲಿನ ಮೊನೆಯಿಂದ ಕೆರೆದು ತೆಗೆಯಿರಿ. ಚೀಲದಲ್ಲಿ ಪೋಜಿಡ್ರೈವ್ 3ನೇ ನಂಬರಿನ ಸ್ಕ್ರೂಡ್ರೈವರ್ ಇರಲಿ. ಸ್ಕೀ ಸ್ಕ್ರೂಗೆ ನಮ್ಮ ಅಂಗಡಿಗಳ ಮಾಮೂಲಿ ಫಿಲಿಪ್ಸ್ ಹಾಕಿ ತಿರುಗಿಸಿದರೆ ತಲೆ ಸವೆದುಹೋಗುತ್ತದೆ. ಸ್ಕ್ರೂ ತೂತು ಸಡಿಲವಾದರೆ ತುರುಕಲು ಚಿಟಿಕೆ ಸ್ಟೀಲ್ ವೂಲ್, ಕೋಲಿಗೆ ಸುತ್ತಿಟ್ಟ ಒಂದೆರಡು ಮೀಟರ್ ಡಕ್ಟ್ ಟೇಪ್ ಸಾಕು.

ಕರಾವಳಿಯವರಿಗೆ ಚಳಿಯ ಭಯ ಜಾಸ್ತಿ, ದಪ್ಪ ಜಾಕೆಟ್ ಹಾಕಿ ಹೊರಡುತ್ತಾರೆ. ಹತ್ತು ನಿಮಿಷದಲ್ಲಿ ಬೆವರಿಳಿಯುತ್ತದೆ, ನಿಂತ ಕೂಡಲೇ ಆ ಬೆವರೇ ಮೈ ಕೊರೆಯುತ್ತದೆ. ಹೊರಡುವಾಗ ಸ್ವಲ್ಪ ಚಳಿಯೆನಿಸಬೇಕು. ಮೈಗಂಟಿ ಉಣ್ಣೆ ಅಥವಾ ಸಿಂಥೆಟಿಕ್, ಮೇಲೊಂದು ಗಾಳಿ ತಡೆಯುವ ತೆಳು ಜಾಕೆಟ್. ದಪ್ಪದ್ದು ಚೀಲದಲ್ಲಿ, ನಿಂತಾಗ ಮಾತ್ರ. ಹತ್ತಿ ಬನಿಯನ್ ಮನೆಯಲ್ಲೇ ಇರಲಿ. ಹಿಮ್ಮಡಿ ದಿನಕ್ಕೆ ಸಾವಿರಾರು ಸಲ ಏಳುವುದರಿಂದ ಬೊಕ್ಕೆ ಬರುವುದು ಅಲ್ಲೇ. ಬಂದ ಮೇಲೆ ಅಲ್ಲ, ಬೂಟು ಹಾಕುವ ಮೊದಲೇ ಟೇಪ್ ಹಚ್ಚಿ.

ಎಲ್ಲಿಗೆ ಹೋಗುವುದು? ಗುಲ್ಮಾರ್ಗ್ ಸುಮಾರು 2,650 ಮೀಟರ್ ಎತ್ತರದ ಬಟ್ಟಲಿನಂಥ ಮೈದಾನ. ಗಾಲ್ಫ್ ಕೋರ್ಸ್ ಹಿಮದಡಿ ಮುಚ್ಚಿದಾಗ ನಡೆದು ಜಾರಲು ಅದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ. ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದ ನಾರ್ಡಿಕ್, ಅಂದರೆ ಹಿಮ್ಮಡಿ ಕಟ್ಟದ ಸ್ಕೀಯ ಸ್ಪರ್ಧೆಗಳು ಗುಲ್ಮಾರ್ಗ್‌ನಲ್ಲೇ ನಡೆಯುತ್ತವೆ, ಅಲ್ಲಿ ಕರ್ನಾಟಕಕ್ಕೆ ಚಿನ್ನ ತಂದ ತೆಕ್ಕಡ ಭವಾನಿ ನಂಜುಂಡ ನಮ್ಮ ಪಕ್ಕದ ಕೊಡಗಿನವರು. ಹಿಮವಿಲ್ಲದ ನಾಡಿನವರಿಗೆ ಇದೆಲ್ಲ ಎಲ್ಲಿ ಎನ್ನುವವರಿಗೆ ಅಷ್ಟು ಉತ್ತರ ಸಾಕು. ಉತ್ತರಾಖಂಡದ ಔಲಿಯ ಬುಗ್ಯಾಲ್ ಎಂಬ ಎತ್ತರದ ಹುಲ್ಲುಗಾವಲುಗಳು, ಮನಾಲಿ ಮೇಲಿನ ಸೇಥನ್ ಕಡೆಯ ದಿಣ್ಣೆಗಳು ಕೂಡ ಹೊಂದುತ್ತವೆ. ಜನವರಿಯಿಂದ ಮಾರ್ಚ್ ಮೊದಲ ಭಾಗ ಸರಿಯಾದ ಕಾಲ. ಮನಾಲಿಯ ಪರ್ವತಾರೋಹಣ ಸಂಸ್ಥೆಯಲ್ಲಿ, ಗುಲ್ಮಾರ್ಗ್‌ನ ಸ್ಕೀ ಮತ್ತು ಪರ್ವತಾರೋಹಣ ಸಂಸ್ಥೆ ಐಐಎಸ್‌ಎಂನಲ್ಲಿ ಸ್ಕೀ ತರಬೇತಿ ಇದೆ, ಆದರೆ ಮುಖ್ಯವಾಗಿ ಹಿಮ್ಮಡಿ ಕಟ್ಟಿದ ಸ್ಕೀಯದ್ದು. ಬಾಡಿಗೆ ಅಂಗಡಿಗಳಲ್ಲಿ ಸಿಗುವುದೂ ಹೆಚ್ಚಾಗಿ ಅದೇ, ಬ್ಯಾಕ್‌ಕಂಟ್ರಿ ಜೋಡಿ ಅಪರೂಪ. ಹೋಗಿ ಹುಡುಕೋಣ ಎಂದು ಹೊರಡಬೇಡಿ, ಮೊದಲೇ ವಿಚಾರಿಸಿ ಅಥವಾ ಸ್ವಂತದ್ದು ಒಯ್ಯಿರಿ. ಬಜಪೆಯಲ್ಲಿ ವಿಮಾನ ಹತ್ತಿದವರು ಅದೇ ದಿನ ಸಂಜೆ ಗುಲ್ಮಾರ್ಗ್ ತಲುಪಿದರೆ ತಲೆನೋವು ಬಂದರೂ ಆಶ್ಚರ್ಯವಿಲ್ಲ. ಮೊದಲ ದಿನ ಸುಮ್ಮನೆ ಓಡಾಡಿ, ನೀರು ಕುಡಿಯಿರಿ.

ಹಿಮಕುಸಿತದ ವಿಷಯದಲ್ಲಿ ಸಡಿಲ ಬಿಡುವ ಹಾಗಿಲ್ಲ. ಅದು ಹೆಚ್ಚಾಗಿ ಕಳಚುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ನಮ್ಮ ನಡಿಗೆ 15 ಡಿಗ್ರಿಯೊಳಗೇ ಇದ್ದರೂ ತಲೆಯ ಮೇಲೆ ಕಡಿದಾದ ಇಳಿಜಾರಿದ್ದರೆ ಅದು ಕೆಳಗಿನ ಸಮತಟ್ಟಿಗೂ ನುಗ್ಗುತ್ತದೆ. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಡಿಜಿಆರ್‌ಇ ವಿಭಾಗ ಹೊರಡಿಸುವ ಹಿಮಕುಸಿತದ ಮುನ್ಸೂಚನೆ ನೋಡಿ. ದೊಡ್ಡ ಹಿಮ ಬಿದ್ದ ಮರುದಿನ ಮೈದಾನ ಬಿಟ್ಟು ಕದಲಬೇಡಿ. ಮೈದಾನದಾಚೆ ಹೋಗುವವರೆಲ್ಲರ ಬಳಿ ಹೂತವರನ್ನು ಪತ್ತೆಮಾಡುವ ರೇಡಿಯೊ ಸಾಧನ ಟ್ರಾನ್ಸೀವರ್, ಹಿಮದೊಳಗೆ ಚುಚ್ಚಿ ಹುಡುಕುವ ಉದ್ದ ಕೋಲು ಪ್ರೋಬ್, ಸಲಿಕೆ ಇರಬೇಕು, ಬಳಸುವುದು ಗೊತ್ತಿರಬೇಕು. ಹೂತವರನ್ನು ಕಾಲು ಗಂಟೆಯೊಳಗೆ ತೆಗೆಯದಿದ್ದರೆ ಉಳಿಯುವ ಸಾಧ್ಯತೆ ಥಟ್ಟನೆ ಕುಸಿಯುತ್ತದೆ.

ಊರಿನಲ್ಲಿ ತಯಾರಿ ಖಂಡಿತ ಸಾಧ್ಯ. ಮಲ್ಪೆಯ ಒದ್ದೆ ಮರಳಿನಲ್ಲಿ ಬೆಳಗ್ಗೆ ಕೋಲು ಹಿಡಿದು ಉದ್ದ ಹೆಜ್ಜೆ ಹಾಕಿ ನಡೆಯಿರಿ, ಕೈಕಾಲಿನ ತಾಳ ಕೂಡುತ್ತದೆ. ಮನೆಯಲ್ಲಿ ಒಂದೊಂದೇ ಕಾಲಿನ ಮೇಲೆ ಒಂದು ನಿಮಿಷ ನಿಲ್ಲಿ, ಆಮೇಲೆ ಕಣ್ಣು ಮುಚ್ಚಿ ನಿಲ್ಲಿ. ಮಂಡಿ ಬಗ್ಗಿಸಿ ಮುಂದಡಿಯಿಡುವ ಲಂಜ್ ಎಂದರೆ ಟೆಲಿಮಾರ್ಕ್‌ನ ಅರ್ಧ ಪಾಠ; ಹಿಂಗಾಲಿಗೆ ಭಾರ ಕೊಟ್ಟು ಮಾಡಿ. ರೋಲರ್ ಸ್ಕೀ ಕೊಳ್ಳುವುದಾದರೆ ಕ್ಲಾಸಿಕ್ ಬಗೆಯದ್ದೇ ಇರಲಿ, ಹಿಂದಕ್ಕೆ ತಿರುಗದ ಚಕ್ರ ಇರುವುದು ಅದರಲ್ಲಿ. ಹೆಚ್ಚಿನವಕ್ಕೆ ಬ್ರೇಕ್ ಇರುವುದಿಲ್ಲ ಎಂಬುದು ನೆನಪಿರಲಿ. ಮಣಿಪಾಲದ ಇಳಿಜಾರು ರಸ್ತೆಗಳೂ ಹೆದ್ದಾರಿ 66ರ ಅಂಚೂ ಇದಕ್ಕಲ್ಲ, ಗೇಟು ಇರುವ ಸಮತಟ್ಟು ಡಾಂಬರಿನ ಅಂಗಳ ಬೇಕು. ಮಳೆಗಾಲದ ಪಾಚಿಯ ಮೇಲಂತೂ ಬೇಡವೇ ಬೇಡ.

ಕೊನೆಗೆ, ನಮ್ಮ ಉಪ್ಪುಗಾಳಿಯ ಕಾಟ. ಜೂನ್‌ಗೆ ಮೊದಲೇ ಅಂಚಿನ ಉಕ್ಕನ್ನು ಒರೆಸಿ ಎಣ್ಣೆಯ ತೆಳು ಲೇಪ ಕೊಡಿ, ತಳದ ನುಣುಪು ಭಾಗಕ್ಕೆ ಗ್ಲೈಡ್ ವ್ಯಾಕ್ಸ್ ದಪ್ಪಗೆ ಹಚ್ಚಿ ಕೆರೆಯದೆ ಬಿಡಿ. ಸ್ಕಿನ್‌ಗಳನ್ನು ಜಾಲರಿ ಹಾಳೆ ನಡುವಿಟ್ಟು ಮಡಿಸಿ, ಗಾಳಿಯಾಡದ ಚೀಲಕ್ಕೆ ಹಾಕಿ ಫ್ರಿಜ್‌ನಲ್ಲಿಡಿ. ಸೆಕೆಗೆ ಗೋಂದು ಕರಗಿದರೆ ಕೀಳುವುದು ಕಷ್ಟ. ಬೂಟುಗಳಿಗೆ ಸಿಲಿಕಾ ಜೆಲ್ ಹಾಕಿ ಅಟ್ಟದಲ್ಲಲ್ಲ, ಗಾಳಿಯಾಡುವ ಕಪಾಟಿನಲ್ಲಿಡಿ. ಹಳೆಯ ಬೂಟು ಅಗ್ಗಕ್ಕೆ ಸಿಕ್ಕಿತೆಂದು ತರುವ ಮುನ್ನ ಅಟ್ಟೆ ಪಾಲಿಯುರೆಥೇನಿನದ್ದೇ ಎಂದು ಕೇಳಿ. ಸೆಕೆ, ತೇವ ಎರಡೂ ಸೇರಿದಲ್ಲಿ ಅದು ಬಳಸದೆ ಇಟ್ಟರೂ ವರ್ಷಗಳಲ್ಲಿ ಒಳಗೊಳಗೇ ಶಿಥಿಲವಾಗುತ್ತದೆ. ಹೆಬ್ಬೆರಳಿನ ಉಗುರಿನಿಂದ ಒತ್ತಿದಾಗ ಹಿಟ್ಟಿನಂತೆ ಉದುರಿದರೆ ಎಷ್ಟು ಅಗ್ಗವಾದರೂ ಬೇಡ. ಹಿಮದಲ್ಲಿ ಮೊದಲ ದಿನವೇ ಅಟ್ಟೆ ಸ್ಕೀಯಲ್ಲಿ ಉಳಿದು ಕಾಲು ಮಾತ್ರ ಮುಂದೆ ಹೋಗುತ್ತದೆ.